ಎರಡು ಸಾವಿರ ಖಾಲಿ ಚೀಲ

ಬರಿಗೈಯಲ್ಲಿ ಯಾರ ಮನೆಗೂ ಹೋದವಳಲ್ಲ ನಾನು. ಪಕ್ಕದ ಮನೆಯವರು ಹುಳಿ ಕೊಟ್ಟ ಪಾತ್ರೆಯನ್ನು ವಾಪಸ್ಸು ಕೊಡುವಾಗ ಅದರಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರಬೇಕು, ಅದೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ಖಾಲಿ ಪಾತ್ರೆ ಕೊಟ್ಟರೆ ಕೊಟ್ಟವರ ಮುಖವೂ ಚಿಕ್ಕದಾಗುತ್ತದೆ, ಈಸಿಕೊಂಡವರ ಮುಖವೂ ಚಿಕ್ಕದಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಇಷ್ಟು ಒಳ್ಳೆಯ ಬುದ್ಧಿಯಿಂದ ಯಾರದೋ ಮನೆಯ ಬಚ್ಚಲು ಸಮುದ್ರದ ಪಾಲಾಗಬಹುದು ಎನ್ನುವುದು ಪಾಪ, ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನುಗ್ಗೇಹಳ್ಳಿಯಿಂದ ಆಚೆಗಿರುವ ನಮ್ಮ ಗ್ರಾಮ ಪಂಚಾಯಿತಿಗೆ ನಾನು ಅಧ್ಯಕ್ಷೆ. ಮಹಿಳಾ ಮೀಸಲು ಬಂದಿತ್ತು, ನಿಂತೆ, ಗೆದ್ದೆ. ಗೆದ್ದ ಮೇಲೆ ನೋಡಿದರೆ ಆಫೀಸಿಗೆ ಬಂದವರೆಲ್ಲ ನನಗೆ ನಮಸ್ಕಾರ ಮಾಡಿ, ಆಮೇಲೆ "ಯಜಮಾನ್ರು ಇಲ್ವಾ?" ಎಂದು ಕೇಳುತ್ತಾರೆ. ನಮ್ಮ ಯಜಮಾನರು ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಶಾಂತ ಮನುಷ್ಯ. ತಾವಾಗಿ ಯಾವುದಕ್ಕೂ ತಲೆ ಹಾಕಿದವರಲ್ಲ. ಆದರೂ ಅವರಿಗೆ ಖಡಾಖಂಡಿತವಾಗಿ ಹೇಳಿದ್ದೆ, ಪಂಚಾಯಿತಿ ಹೊಸಲು ತುಳಿಯಕೂಡದು ಎಂದು. ನಾನು ಒಬ್ಬಳೇ ಒಂದು ದೊಡ್ಡ ಕೆಲಸ ಮಾಡಿ ತೋರಿಸಬೇಕಿತ್ತು. ಅಂಥ ಕೆಲಸ ಸಮುದ್ರದ ಕಡೆಯಿಂದ ಬಂತು.

ಅಧ್ಯಕ್ಷರಿಗೆಂದು ಮೈಸೂರಿನಲ್ಲಿ ತರಬೇತಿ ನಡೆದಾಗ ನನ್ನ ಜೊತೆ ಒಂದೇ ರೂಮಿನಲ್ಲಿದ್ದವಳು ಸುಮತಿ, ಕರಾವಳಿಯ ಒಂದು ಪಂಚಾಯಿತಿಯ ಅಧ್ಯಕ್ಷೆ. ಶ್ರಾವಣ ಮುಗಿಯುತ್ತಾ ಬಂದಿದ್ದಾಗ ಅವಳ ಫೋನು ಬಂತು.

"ಜಯಕ್ಕ, ಇಲ್ಲಿ ಕಡಲು ದಡವನ್ನು ತಿಂತಾ ಉಂಟು. ದಡದಲ್ಲಿ ಕಮಲಕ್ಕ ಅಂತ ಒಬ್ರ ಮನೆ ಉಂಟು, ಇನ್ನು ಅದೇ ಮೊದಲು, ಅದು ಹೋದ್ರೆ ಸಾಲು ಮನೆ ಎಲ್ಲ ಹೋಗ್ತದೆ. ಅಮಾವಾಸ್ಯೆ ಮಧ್ಯಾಹ್ನ ದೊಡ್ಡ ಉಬ್ಬರ ಬರ್ತದೆ. ಮರಳು ನಮ್ಮಲ್ಲಿ ಬೇಕಾದಷ್ಟು ಉಂಟು, ತುಂಬಿಸ್ಲಿಕ್ಕೆ ಚೀಲ ಇಲ್ಲ. ನಿಮ್ಮ ಕಡೆ ಗೋಣಿಚೀಲ ತುಂಬ ಇರ್ತದಲ್ಲ. ಒಂದು ಎರಡು ಸಾವಿರ ಖಾಲಿ ಚೀಲ ಕಳಿಸಿ ಕೊಡ್ತೀರಾ?"

ಕಳಿಸದೆ ಇರುತ್ತೇನೆಯೇ? ಹಳ್ಳಿಮೈಸೂರಿನ ಕಡೆಯ ಅಧ್ಯಕ್ಷರಾದ ಪುಟ್ಟಸ್ವಾಮಪ್ಪನವರಿಗೆ ಫೋನು ಮಾಡಿದೆ. ಬೂವನಹಳ್ಳಿ ಕಡೆಯವರಿಗೂ ಅರಕಲಗೂಡಿನ ಕಡೆಯವರಿಗೂ ಮಾಡಿದೆ. ಯಾವುದಕ್ಕೂ ಒಮ್ಮತಕ್ಕೆ ಬಾರದ ನಾಲ್ಕು ತಾಲ್ಲೂಕಿನ ನಾಲ್ಕು ಪಂಚಾಯಿತಿಗಳು ಒಂದೇ ದಿನದಲ್ಲಿ ಒಪ್ಪಿದವು. ಚೀಲಗಳೆಲ್ಲ ನಮ್ಮೂರಿನ ಸಮುದಾಯ ಭವನಕ್ಕೇ ಬಂದು ಸೇರಬೇಕೆಂದು ನಾನು ಪಟ್ಟು ಹಿಡಿದೆ. ಹಾಸನದ ಪಕ್ಕದ ಬೂವನಹಳ್ಳಿಯವರು ಅಷ್ಟು ದೂರ ನಮ್ಮೂರಿಗೆ ಬಂದು, ಮತ್ತೆ ಹಾಸನದ ಮೇಲೆಯೇ ಕರಾವಳಿಗೆ ಹೋಗಬೇಕಾಯಿತು. ಆದರೇನಂತೆ, ನಾಯಕತ್ವ ನಮ್ಮದು.

ಲಾರಿ ಬಂದು ನಿಂತಿತು. ಮುಂದುಗಡೆ ನಾಲ್ಕು ಪಂಚಾಯಿತಿಗಳ ಹೆಸರಿದ್ದ ಬ್ಯಾನರ್ ಕಟ್ಟಿದೆವು. ಎರಡು ಸಾವಿರ ಖಾಲಿ ಚೀಲಗಳ ಕಟ್ಟುಗಳನ್ನು ಒಳಗೆ ಹಾಕಿ ನೋಡಿದರೆ ಲಾರಿಯ ಒಂದು ಮೂಲೆಯೂ ಸರಿಯಾಗಿ ತುಂಬಿರಲಿಲ್ಲ. ಬ್ಯಾನರ್ ಅಷ್ಟುದ್ದ, ಒಳಗೆ ಇಷ್ಟೇ ಇಷ್ಟು ಹಳೇ ಗೋಣಿ. ನನ್ನ ಜೀವ ಹಿಡಿಯಷ್ಟಾಯಿತು.

ಪುಟ್ಟಸ್ವಾಮಪ್ಪನವರು ಕೆಮ್ಮಿದರು. "ಅಲ್ಲಾ ಕಣಕ್ಕಾ, ನಾಕು ತಾಲ್ಲೂಕು ಸೇರ್ಕಂಡು ಅಳೇ ಚೀಲ ಕೊಟ್ರು ಅನ್ನಾಕಿಲ್ವಾ ನಾಳೀಕೆ?"

ಅಷ್ಟು ಸಾಕಾಯಿತು. ಖಾಲಿ ಚೀಲ ಒಂದೂ ಹೋಗಕೂಡದು, ತುಂಬಿಸಿ ಕಳಿಸೋಣ ಎಂದು ಅಲ್ಲೇ ಅಪ್ಪಣೆ ಕೊಡಿಸಿದೆ.

ನಮ್ಮ ಯಜಮಾನರು ನನಗೆ ಊಟದ ಡಬ್ಬಿ ಕೊಡಲು ಬಂದವರು ಹೊಸಲಿನ ಆಚೆಯೇ ನಿಂತಿದ್ದರು. "ಖಾಲಿ ಚೀಲ ಕೇಳವ್ರೆ ಕಣೆ," ಎಂದರು.

"ಕೇಳೋರು ಸಂಕೋಚುಕ್ಕೆ ಅಂಗೆ ಕೇಳ್ತಾರೆ. ಕೊಡೋರಿಗೆ ಗ್ಯಾನ ಬ್ಯಾಡ್ವಾ?"

"ಮರಳು ತುಂಬ್ತೀವಿ ಅಂದವ್ರೆ. ತುಂಬಿರೋ ಚೀಲುಕ್ಕೆ ಮರಳು ಎಲ್ಲಿ ತುಂಬ್ತಾರೆ?"

"ಉಂಡ ಮ್ಯಾಲೆ ಖಾಲಿ ಆಯ್ತವೆ. ಆಮೇಲ್ ತುಂಬ್ಕತಾರೆ. ನೀವು ಪಂಚಾಯ್ತಿ ಇಸ್ಯಕ್ಕೆ ತಲೆ ಆಕಬ್ಯಾಡಿ."

ಅವರು ಡಬ್ಬಿ ಕೊಟ್ಟು ಸುಮ್ಮನೆ ಗಿರಣಿಗೆ ಹೋದರು. ನಾನು ಗೆದ್ದೆ.

ಆಮೇಲೆ ನಡೆದದ್ದು ಯುದ್ಧ. ನಾವು ತೆಂಗಿನಕಾಯಿ ತುಂಬಿದೆವು. ಬೂವನಹಳ್ಳಿ ಕಡೆಯವರು ಬಿಡುತ್ತಾರೆಯೇ, ಆಲೂಗಡ್ಡೆ ತರಿಸಿದರು. ಅದನ್ನು ನೋಡಿ ಅರಕಲಗೂಡಿನವರು ರಾಗಿ ತರಿಸಿದರು. ಹಳ್ಳಿಮೈಸೂರಿನವರು ಭತ್ತ ತರಿಸಿ, ಮೇಲೆ ಒಂದು ಗೊನೆ ಬಾಳೆಹಣ್ಣು ಬೇರೆ ಇಟ್ಟರು. ಇನ್ನೂರು ಚೀಲ ತುಂಬುವಷ್ಟರಲ್ಲಿ ಲಾರಿ ಬಿರಿಯುವಂತಾಯಿತು. ಸೂಜಿ ಇಡಲೂ ಜಾಗವಿರಲಿಲ್ಲ. ಉಳಿದ ಸಾವಿರದ ಎಂಟುನೂರು ಖಾಲಿ ಚೀಲಗಳನ್ನು ಸಮುದಾಯ ಭವನದೊಳಗೆ ನೀಟಾಗಿ ಪೇರಿಸಿ, ಸರ್ಕಾರಿ ವಸ್ತುವಿಗೆ ಸಲ್ಲಬೇಕಾದ ಗೌರವದಿಂದ ಬೀಗ ಹಾಕಿ, ಬೀಗದ ಕೈಯನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಭದ್ರವಾಗಿಟ್ಟುಕೊಂಡೆ.

ಲಾರಿಯ ಹಿಂದೆ ಜೀಪಿನಲ್ಲಿ ನಾನು, ಪುಟ್ಟಸ್ವಾಮಪ್ಪನವರು ಮತ್ತು ನಾಲ್ಕು ಪಂಚಾಯಿತಿಗಳ ಕೆಲವು ಸದಸ್ಯರು ಹೊರಟೆವು. ಗಂಡಸರೆಲ್ಲ ಮಲ್ಲಿಗೆಯಂಥ ಬಿಳಿ ಬಟ್ಟೆ ಹಾಕಿದ್ದರು. ಘಾಟಿಯಲ್ಲಿ ಭಾರಕ್ಕೆ ಲಾರಿ ಮೂರು ಕಡೆ ನಿಂತಿತು. ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಕಡಲ ದಡ ಸೇರಿದೆವು.

ಅಲ್ಲಿ ಇಡೀ ಊರೇ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗುದ್ದಲಿ, ಇಲ್ಲವೇ ಬುಟ್ಟಿ. ಸುಮತಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಟಾರ್ಪಾಲು ತೆಗೆಸಿದೆ. ಮೇಲಿನ ಚೀಲದ ಬಾಯಿ ಬಿಚ್ಚಿಕೊಂಡು ಒಂದು ತೆಂಗಿನಕಾಯಿ ಉರುಳಿ ಬಂದು ಅವಳ ಕಾಲ ಹತ್ತಿರ ನಿಂತಿತು. ಸುಮತಿ ಕಾಯಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ, ದಡದುದ್ದಕ್ಕೂ ಕಾಯಿ ಹೊತ್ತು ನಿಂತಿದ್ದ ನೂರಾರು ತೆಂಗಿನ ಮರಗಳನ್ನು ನೋಡಿದಳು.

"ಚೀಲ ಎಲ್ಲಿ ಜಯಕ್ಕ?"

"ಇವೇಯಲ್ಲವ್ವಾ."

"ಇದು ಮೂಟೆ ಅಲ್ವಾ ಮಾರಾಯ್ರೆ. ಖಾಲಿ ಚೀಲ ಎಲ್ಲಿ?"

"ಅವು ಊರಲ್ಲಿ ಅವೆ. ನೀನೇನೂ ಯೋಚ್ನೆ ಮಾಡ್ಬ್ಯಾಡ, ಬೀಗ ಆಕಿಟ್ಟಿವ್ನಿ."

"ಬೀಗದ ಕೈ?"

ನಾನು ಬ್ಯಾಗು ತೆರೆದು ಬೀಗದ ಕೈ ತೆಗೆದು ತೋರಿಸಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆ ಬೀಗದ ಕೈಯನ್ನು ಅಷ್ಟು ಜನ ಅಷ್ಟು ಹೊತ್ತು ನೋಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ.

ಪಕ್ಕಕ್ಕೆ ಹೋಗಿ ಮನೆಗೆ ಫೋನು ಮಾಡಿದೆ. "ರೀ, ಸಮುದಾಯ ಭವನದ ಬೀಗ ಒಡೀರಿ."

ಆ ಕಡೆ ಗಿರಣಿಯ ಸದ್ದು ನಿಂತಿತು. "ಪಂಚಾಯ್ತಿ ಇಸ್ಯಕ್ಕೆ ತಲೆ ಆಕಬ್ಯಾಡಿ ಅಂದಿದ್ಯಲ್ಲ?"

"ಒಡೀರಿ ಅಂದ್ನಲ್ಲ."

"ಸರ್ಕಾರಿ ಬೀಗ ಕಣೆ. ಒಡೆಯಾಕೆ ಠರಾವು ಆಗ್ಬೇಕಲ್ವಾ?"

ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅದು ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ. "ಓಗ್ಲಿ ಬಿಡು. ಯಾವೊತ್ಗೆ ಬೇಕು?" ಎಂದು ಮೆತ್ತಗೆ ಕೇಳಿದರು. ನಾಳೆ ಮಧ್ಯಾಹ್ನದ ಉಬ್ಬರಕ್ಕೆ ಮುಂಚೆ ಎಂದೆ. ಬತ್ತೀನಿ ಎಂದು ಇಟ್ಟರು.

ಅಷ್ಟರವರೆಗೆ ಕೈಕಟ್ಟಿ ಕೂರುವುದು ಹೇಗೆ? ಇನ್ನೂರು ಚೀಲವನ್ನಾದರೂ ಖಾಲಿ ಮಾಡಿ ಮರಳು ತುಂಬೋಣ ಎಂದು ಎಲ್ಲರೂ ಕೈ ಹಾಕಿದರು. ಆಲೂಗಡ್ಡೆಯನ್ನು ಶಾಲೆಯ ಒಂದು ಕೋಣೆಗೆ ಸುರಿದರು. ರಾಗಿ, ಭತ್ತ ಅಂಗನವಾಡಿಗೆ ಹೋದವು. ಒಬ್ಬ ಹೆಂಗಸು ರಾಗಿಯನ್ನು ಮುಷ್ಟಿಯಲ್ಲಿ ಹಿಡಿದು, "ಇದು ಎಂತ ಬೀಜ? ಬಿತ್ತುದಾ?" ಎಂದು ಕೇಳಿದ್ದನ್ನು ಅರಕಲಗೂಡಿನವರು ಕೇಳಿಸಿಕೊಂಡೂ ಕೇಳಿಸದವರ ಹಾಗೆ ನಿಂತರು. ತೆಂಗಿನಕಾಯಿ ಮಾತ್ರ ಸುರಿಯಲು ಎಲ್ಲೂ ಜಾಗ ಉಳಿಯಲಿಲ್ಲ.

ಇಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ನನಗೆ ಇನ್ನೊಂದು ಉಪಾಯ ಹೊಳೆಯಿತು. ತೆಂಗಿನಕಾಯಿ ಮೂಟೆ ಕಲ್ಲಿನ ಹಾಗೆ ಭಾರ. ಖಾಲಿ ಮಾಡುವುದೇಕೆ, ಹಾಗೆಯೇ ಪೇರಿಸಿದರೆ ಗೋಡೆಯಾಗುವುದಿಲ್ಲವೇ? ಸುಮತಿ ದಡದ ಆ ತುದಿಯಲ್ಲಿ ಖಾಲಿಯಾದ ಚೀಲಗಳಿಗೆ ಮರಳು ತುಂಬಿಸುತ್ತಿದ್ದಳು. ನಮ್ಮ ಸದಸ್ಯರಿಂದಲೇ ಐವತ್ತು ಮೂಟೆ ಹೊರಿಸಿ, ಎಲ್ಲಕ್ಕಿಂತ ಮುಖ್ಯವಾದ ಜಾಗ ಅದೇ ಎಂದು ಕಮಲಕ್ಕನ ಮನೆಯ ಮುಂದೆಯೇ ಸಾಲಾಗಿ ಇಡಿಸಿದೆ.

ಕಮಲಕ್ಕ ಒಣಮೀನು ಮಾರಿ ಒಂಟಿಯಾಗಿ ಬದುಕುವ ಮುದುಕಿ. ಬಾಗಿಲಲ್ಲಿ ನಿಂತು ನೋಡಿ, "ಮಗಾ, ಕಾಯಿ ತೇಲ್ತದೆ ಅಲ್ವಾ?" ಎಂದಳು.

"ಬಿಡಿಕಾಯಿ ತೇಲ್ತದೆ ಕಣಮ್ಮಾ. ಇವು ಮೂಟೆ. ಬಿಗಿಯಾಗಿ ಕಟ್ಟೀವಿ."

ಹುಟ್ಟಿದಾಗಿನಿಂದ ಕಡಲು ನೋಡಿದವಳಿಗೆ, ಹುಟ್ಟಿದಾಗಿನಿಂದ ಕೆರೆ ನೋಡಿದವಳು ಹೇಳಿದ ಮಾತು ಇದು. ಅಧ್ಯಕ್ಷೆ ಹೇಳಿದ ಮೇಲೆ ಸರಿಯೇ ಇರಬೇಕೆಂದು ಅವಳು ಒಳಗೆ ಹೋದಳು. ನಾವು ಶಾಲೆಯಲ್ಲಿ ಮಲಗಿದೆವು.

ಬೆಳಿಗ್ಗೆ ಎದ್ದು ಬಂದು ನೋಡಿದರೆ ರಾತ್ರಿಯ ಉಬ್ಬರಕ್ಕೆ ಮೂಟೆ ಒಂದೂ ಉಳಿದಿರಲಿಲ್ಲ. ದೂರದಲ್ಲಿ, ಮದುವೆ ದಿಬ್ಬಣದ ಹಾಗೆ ಒಂದರ ಹಿಂದೆ ಒಂದು ತೇಲಿಕೊಂಡು ಅವು ಸಮುದ್ರದ ಒಳಕ್ಕೆ ಹೋಗುತ್ತಿದ್ದವು. ಬಿಗಿಯಾಗಿಯೇ ಕಟ್ಟಿದ್ದೆವು. ಒಂದೂ ಬಿಚ್ಚಿಕೊಂಡಿರಲಿಲ್ಲ.

"ಓಗ್ಲಿ ಬುಡಕ್ಕಾ," ಎಂದರು ಪುಟ್ಟಸ್ವಾಮಪ್ಪನವರು, "ಸಮುದ್ರುಕ್ಕೆ ಬಾಗಿನ ಕೊಟ್ಟಂಗಾಯ್ತು."

ಅವರನ್ನೂ ಬಾಗಿನದ ಜೊತೆಗೆ ಕಳಿಸಬೇಕೆನಿಸಿತು. ಅಷ್ಟರಲ್ಲಿ ಕಮಲಕ್ಕ ಕಂಡಳು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬೆಂಕಿಪೊಟ್ಟಣ. ದಿನದ ಅಭ್ಯಾಸದಂತೆ ನೀರೊಲೆ ಹಚ್ಚಲು ಬಂದಿದ್ದಳು. ನೀರೊಲೆ ಇರಲಿಲ್ಲ. ಬಚ್ಚಲುಮನೆಯೇ ಇರಲಿಲ್ಲ. ತಾಮ್ರದ ಹಂಡೆಯೊಂದು ಮರಳಿನಲ್ಲಿ ಅರ್ಧ ಹೂತುಕೊಂಡು ಬಿದ್ದಿತ್ತು. ಅವಳು ನನ್ನನ್ನು ಬೈಯಲಿಲ್ಲ. ಹಂಡೆ ಎತ್ತಿಕೊಂಡು ಅದರೊಳಗಿನ ಮರಳನ್ನು ಮೆಲ್ಲಗೆ ಚೆಲ್ಲಿದಳು. ತಮಾಷೆಯಾಗಿ ಬರೆಯುತ್ತಿದ್ದೇನೆ ನಿಜ, ಆ ಬೆಳಿಗ್ಗೆ ಮಾತ್ರ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಬಚ್ಚಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಗೋಡೆ. ಮಧ್ಯಾಹ್ನದ ಉಬ್ಬರ ಇನ್ನೂ ದೊಡ್ಡದು.

ಎಂಟು ಗಂಟೆಗೆ ಗೂಡ್ಸ್ ಗಾಡಿಯೊಂದು ಬಂದು ನಿಂತಿತು. ನಮ್ಮ ಯಜಮಾನರು ಇಳಿದರು. ಬ್ಯಾನರ್ ಇರಲಿಲ್ಲ, ಬಿಳಿ ಬಟ್ಟೆ ಇರಲಿಲ್ಲ, ಹಿಟ್ಟು ಮೆತ್ತಿದ ಗಿರಣಿಯ ಅಂಗಿಯಲ್ಲೇ ಬಂದಿದ್ದರು. ಗಾಡಿ ತುಂಬ ಖಾಲಿ ಚೀಲ. ಜೊತೆಗೆ ಸುತಲಿ ದಾರದ ಉಂಡೆಗಳು, ಚೀಲ ಹೊಲಿಯುವ ಹತ್ತು ದಬ್ಬಳ.

"ದಬ್ಬಳ ಯಾಕೆ?" ಎಂದೆ.

"ಮರಳು ತುಂಬಿದ ಮ್ಯಾಲೆ ಬಾಯಿ ಒಲೀಬೇಕಲ್ವಾ?"

ನಾಲ್ಕು ಪಂಚಾಯಿತಿಯ ಠರಾವಿನಲ್ಲಿ ಈ ಮಾತು ಯಾರಿಗೂ ಹೊಳೆದಿರಲಿಲ್ಲ.

ಬಿಳಿ ಬಟ್ಟೆಯವರೆಲ್ಲ ಪಂಚೆ ಎತ್ತಿ ಕಟ್ಟಿದರು. ಸುಮತಿ ಚೀಲದ ಬಾಯಿ ಹಿಡಿದಳು, ನಾನು ಮರಳು ಸುರಿದೆ, ನಮ್ಮ ಯಜಮಾನರು ದಬ್ಬಳ ಹಿಡಿದು ಹೊಲಿಯುತ್ತಾ ಹೋದರು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಪುಟ್ಟಸ್ವಾಮಪ್ಪನವರು ಹೆಗಲ ಮೇಲೆ ಚೀಲ ಹೊತ್ತು ಹೊತ್ತು, ಸಮುದ್ರಕ್ಕೆ ಹಾಸನದ ಭಾಷೆಯಲ್ಲಿ ಏನೇನೋ ಹೇಳಿದರು. ಗೋಡೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಹನ್ನೆರಡಕ್ಕೆ ಉಬ್ಬರ ಬಂತು. ಮೊದಲ ಅಲೆ ಗೋಡೆಗೆ ಬಡಿದು ನಮ್ಮೆಲ್ಲರನ್ನೂ ನೆನೆಸಿತು. ಒಂದು ಗಂಟೆಯ ಕಾಲ ಹಾಗೆಯೇ ಬಡಿಯಿತು. ಕೆಳಗಿನ ಸಾಲು ಸ್ವಲ್ಪ ಸರಿಯಿತು, ಆದರೆ ಬಿಡಲಿಲ್ಲ. ಆಮೇಲೆ ನೀರು ಹಿಂದಕ್ಕೆ ಹೋಯಿತು. ಕಮಲಕ್ಕನ ಅಡುಗೆಮನೆಯ ಗೋಡೆ ನಿಂತಿತ್ತು. ಹಿಂದಿನ ಸಾಲು ಮನೆಗಳೂ ನಿಂತಿದ್ದವು.

ಹೊರಡುವ ಮುಂಚೆ ಅವಳು ಆ ಅಡುಗೆಮನೆಯಲ್ಲೇ ನಮಗೆಲ್ಲ ಗಂಜಿ, ಚಟ್ನಿ ಬಡಿಸಿದಳು. ನಾನು ಅವಳ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣಮ್ಮಾ. ಬಚ್ಚಲು ನಾವೇ ಕಟ್ಟಿಸಿಕೊಡ್ತೀವಿ. ಇನ್ನೂ ಏನೇನು ಬೇಕು ಏಳಿ, ಎಲ್ಲಾ ಕಳಿಸ್ತೀನಿ," ಎಂದೆ.

ಕಮಲಕ್ಕ ಗಾಬರಿಯಾದಳು. ಅಮಾವಾಸ್ಯೆಯ ಉಬ್ಬರಕ್ಕೂ ಅವಳು ಅಷ್ಟು ಹೆದರಿರಲಿಲ್ಲ.

"ಬೇಡ ಮಗಾ, ನೀವು ಎಂತದೂ ಕಳಿಸ್ಬೇಡಿ," ಎಂದಳು. "ಬೇಕಾದ್ರೆ ನಾವೇ ಫೋನ್ ಮಾಡ್ತೇವೆ. ನಿಮ್ಮ ಯಜಮಾನ್ರ ನಂಬರ್ ಒಂದು ಕೊಡಿ, ಆಯ್ತಾ?"

ಸುಮತಿ ಮುಖ ತಿರುಗಿಸಿಕೊಂಡಳು. ಪುಟ್ಟಸ್ವಾಮಪ್ಪನವರಿಗೆ ಗಂಜಿ ನೆತ್ತಿಗೇರಿತು. ನಮ್ಮ ಯಜಮಾನರು ತಲೆ ಬಗ್ಗಿಸಿಕೊಂಡು ಉಣ್ಣುತ್ತಲೇ ಇದ್ದರು. ಅವರಿಗೆ ತಮ್ಮ ನಂಬರ್ ಬಾಯಿಗೆ ಬರುವುದಿಲ್ಲ. ನಾನೇ ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ ಹೇಳಿ ಬರೆಸಿದೆ.