ಗುಬ್ಬಿಯ ಹದಿನಾಲ್ಕು ಹಲ್ಲಿಗಳು

ಚೈತನ್ಯ ಮಾಡಿದ ತಪ್ಪು ಒಂದೇ. ಬೆಳಿಗ್ಗೆ ತುಮಕೂರಿನ ಬಸ್ಸಿಗೆ ಓಡುವ ಅವಸರದಲ್ಲಿ, "ಸಂಜೆ ಆರಕ್ಕೆ ನನ್ನ ಪ್ರಾಜೆಕ್ಟ್ ನೋಡೋಕೆ ಎಕ್ಸಾಮಿನರ್ ಬರ್ತಾರೆ ಆಂಟಿ, ಮನೆ ಬಾಗ್ಲು ತೆಗ್ದಿಟ್ಟಿರಿ" ಎಂದು ಎದುರುಮನೆಯ ರಂಗಲಕ್ಷ್ಮಮ್ಮನಿಗೆ ಹೇಳಿಬಿಟ್ಟ. ರಂಗಲಕ್ಷ್ಮಮ್ಮನ ಕಿವಿಗೆ ಹಾಕುವುದೂ ಒಂದೇ, ಆಟೋಗೆ ಮೈಕು ಕಟ್ಟಿ ಗುಬ್ಬಿ ಪೂರ್ತಿ ಸುತ್ತಿಸುವುದೂ ಒಂದೇ.

ಚೈತನ್ಯ ತುಮಕೂರಿನ ಕಾಲೇಜೊಂದರಲ್ಲಿ ಕೊನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದ. ಕ್ಲಾಸಿನ ಉಳಿದವರೆಲ್ಲ ಎರೆಗೊಬ್ಬರ, ಕೆರೆ ನೀರು ಎಂದು ಮರ್ಯಾದಸ್ಥ ವಿಷಯಗಳನ್ನು ಹಿಡಿದಿದ್ದರೆ ಇವನು ಹಿಡಿದದ್ದು ಹಲ್ಲಿ. ಒಂದು ಹಲ್ಲಿ ದಿನಾ ಒಂದೇ ಮನೆಯ ಗೋಡೆಗೆ ಬರುತ್ತದೋ, ಬೀದಿಯೆಲ್ಲ ಅಲೆಯುತ್ತದೋ ಎಂಬುದು ಅವನ ಪ್ರಶ್ನೆ. ಅದಕ್ಕಾಗಿ ತನ್ನ ಬೀದಿಯ ಐದು ಮನೆಗಳಲ್ಲಿ ಹದಿನಾಲ್ಕು ಹಲ್ಲಿ ಹಿಡಿದು, ಬೆನ್ನಿಗೆ ಮರೂನ್ ನೇಲ್ ಪಾಲಿಷಿನಲ್ಲಿ ಚುಕ್ಕಿ ಇಟ್ಟಿದ್ದ. ಮೊದಲನೇ ಮನೆಯ ಹಲ್ಲಿಗೆ ಒಂದು ಚುಕ್ಕಿ, ಐದನೇ ಮನೆಯದಕ್ಕೆ ಐದು. ಅವು ಪೊರೆ ಬಿಟ್ಟಾಗಲೆಲ್ಲ ಮತ್ತೆ ಹಿಡಿದು ಮತ್ತೆ ಚುಕ್ಕಿ. ಮೂರು ತಿಂಗಳು ದಿನಾ ಸಂಜೆ ಐದೂ ಮನೆಗೆ ನುಗ್ಗಿ, ಸೀರಿಯಲ್ ನೋಡುವವರ ತಲೆ ಮೇಲಿಂದ ಗೋಡೆ ನೋಡಿ ಲೆಕ್ಕ ಬರೆದುಕೊಂಡಿದ್ದ.

'ಗುಬ್ಬಿಯ ಹಲ್ಲಿಗಳು' ಎಂಬ ಹೆಸರು ನೋಡಿಯೇ ವಿಭಾಗದಲ್ಲಿ ನಗೆಯಾಡಿದ್ದರು. "ಹಕ್ಕಿಗೂ ಹಲ್ಲಿಗೂ ಎಲ್ಲಿಯ ಸಂಬಂಧಾನಪ್ಪ" ಎಂದು ಒಬ್ಬ ಮೇಷ್ಟ್ರು ಕೇಳಿದ್ದರು. ಗೈಡ್ ಅಪರ್ಣ ಮೇಡಂ ಒಬ್ಬರೇ ಪಟ್ಟು ಹಿಡಿದು ಒಪ್ಪಿಗೆ ಕೊಡಿಸಿದ್ದು. "ಎಕ್ಸಾಮಿನರ್ ಮನೆಗೇ ಬಂದು ಹಲ್ಲಿ ನೋಡ್ತಾರಂತೆ. ನಿನ್ನ ಜೊತೆ ನನ್ನ ಮಾನಾನೂ ಗೋಡೆ ಮೇಲಿದೆ ಕಣೋ" ಎಂದಿದ್ದರು.

ಬೈಂಡ್ ಆದ ರಿಪೋರ್ಟನ್ನು ಎದೆಗವುಚಿಕೊಂಡು ಚೈತನ್ಯ ಮಧ್ಯಾಹ್ನ ಎರಡಕ್ಕೆ ಗುಬ್ಬಿಯಲ್ಲಿ ಬಸ್ಸಿಳಿದ. ಬೀದಿಗೆ ಕಾಲಿಟ್ಟವನಿಗೆ ದಾರಿ ತಪ್ಪಿತೇನೋ ಅನ್ನಿಸಿತು. ರಸ್ತೆಗೆ ನೀರು ಹಾಕಿತ್ತು, ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಒಳಗೆ ಇಣುಕಿದರೆ ಐದೂ ಮನೆಯ ಗೋಡೆಗಳು ಆಗತಾನೇ ಸ್ನಾನ ಮಾಡಿಸಿದ ಮಗುವಿನ ಹಾಗೆ ಫಳಫಳ ಎನ್ನುತ್ತಿದ್ದವು.

"ಹೆಂಗದೆ?" ಎಂದರು ರಂಗಲಕ್ಷ್ಮಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ದೊಡ್ಡ ಸಾಹೇಬ್ರು ಬರೋವಾಗ ಗೋಡೆ ಮೇಲೆ ಹಲ್ಲಿ ಓಡಾಡ್ತಿದ್ರೆ ಚೆಂದಾನಾ? ಒಂದೂ ಬಿಡದಂಗೆ ಗುಡಿಸಿ ಹಾಕಿದೀವಿ."

ಚೈತನ್ಯನ ಕೈಯಿಂದ ರಿಪೋರ್ಟು ಜಾರಿ ಕಾಲ ಮೇಲೆ ಬಿತ್ತು. "ಆಂಟಿ, ಅವರು ಬರೋದೇ ಹಲ್ಲಿ ನೋಡೋಕೆ."

ರಂಗಲಕ್ಷ್ಮಮ್ಮ ಬಗ್ಗಿ ರಿಪೋರ್ಟು ಎತ್ತಿ, ಸೆರಗಿನಲ್ಲಿ ಒರೆಸಿ ಜಗಲಿಯ ಮೇಲಿಟ್ಟರು. "ಹಲ್ಲಿ ನೋಡೋಕೂ ಸಾಹೇಬ್ರು ಬರ್ತಾರಾ?" ಎಂದರು.

"ಕೊಂದಿಲ್ಲ ಕಣ್ಲಾ, ಹೆದ್ರಬ್ಯಾಡ" ಎಂದರು ಮೂರನೇ ಮನೆಯ ದೊಡ್ಡರಂಗಯ್ಯ. ಅವರು ರಿಟೈರಾದ ಲೈನ್‌ಮನ್. "ಹಲ್ಲಿ ಕೊಂದ್ರೆ ಪಾಪ. ಬಕೆಟ್‌ಗೆ ಹಾಕ್ಕೊಂಡು ಬೀದಿ ಕೊನೇಲಿ ತೆಂಗಿನ ಮಟ್ಟೆ ಗುಡ್ಡೆ ಐತಲ್ಲ, ಅಲ್ಲಿ ಸುರಿದು ಬಂದಿವ್ನಿ."

ಅಪ್ಪ ಅಮ್ಮ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದರು. ಚೈತನ್ಯ ಯಾರ ಮುಂದೆ ಅಳಬೇಕೋ ತಿಳಿಯದೆ ಮಟ್ಟೆ ಗುಡ್ಡೆಯತ್ತ ಓಡಿದ. ದೊಡ್ಡರಂಗಯ್ಯನೂ ಪಂಚೆ ಎತ್ತಿಕಟ್ಟಿ ಹಿಂದೆಯೇ ಬಂದರು. ಇಬ್ಬರೂ ಮೂರು ಗಂಟೆಗಳ ಕಾಲ ಒಂದೊಂದೇ ಮಟ್ಟೆ ಎತ್ತಿ ಪಕ್ಕಕ್ಕಿಟ್ಟರು. ಎರಡು ಚೇಳು ಸಿಕ್ಕವು, ಯಾರದೋ ಹಳೇ ಚಪ್ಪಲಿ ಸಿಕ್ಕಿತು, ಕೆಂಜಿಗ ಲೆಕ್ಕವಿಲ್ಲದಷ್ಟು ಸಿಕ್ಕವು. ಹಲ್ಲಿಯ ಬಾಲ ಕೂಡ ಸಿಗಲಿಲ್ಲ.

ಐದೂಮುಕ್ಕಾಲಿಗೆ ಮೈಯೆಲ್ಲ ನಾರು ಮೆತ್ತಿಕೊಂಡು ವಾಪಸು ಬಂದರೆ ರಂಗಲಕ್ಷ್ಮಮ್ಮ ಜಗಲಿಯಲ್ಲಿ ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ಜೋಡಿಸಿ ಕೂತಿದ್ದರು. ಒಂದೊಂದರಲ್ಲೂ ಏನೋ ಮಿಸುಕುತ್ತಿತ್ತು.

"ಹಿಂದಿನ ಬೀದಿಯೋರೆಲ್ಲ ಸೇರಿ ಹಿಡಿದ್ವಿ. ನನ್ನ ಸೊಸೆ ಹತ್ರ ಗುಲಾಬಿ ಪಾಲಿಷ್ ಇತ್ತು, ಚುಕ್ಕಿ ಇಟ್ಬಿಟ್ಟಿದೀವಿ. ನಿಂದು ಹದಿನಾಲ್ಕು ತಾನೆ? ಹದಿನೇಳು ಮಾಡಿದೀವಿ. ಮೂರು ಮೇಲಿರಲಿ."

ಚೈತನ್ಯ ಒಂದು ಭರಣಿ ಎತ್ತಿ ನೋಡಿದ. "ಆಂಟಿ, ಇದು ಓತಿಕ್ಯಾತ."

"ದೂರದಿಂದ ನೋಡಿದ್ರೆ ಗೊತ್ತಾಗಲ್ಲ, ಬಿಡು."

ಬೇಡ ಎನ್ನುವಷ್ಟರಲ್ಲಿ ಕುತ್ತಿಗೆಗೆ ಐಡಿ ಕಾರ್ಡು, ಹೆಗಲಿಗೆ ಬ್ಯಾಗು ಹಾಕಿಕೊಂಡ ಒಬ್ಬ ಗಂಭೀರ ಮನುಷ್ಯ ಬೀದಿಯ ತಿರುವಿನಲ್ಲಿ ಕಂಡರು. ರಂಗಲಕ್ಷ್ಮಮ್ಮನ ಕೈ ಸನ್ನೆಗೆ, ಹೆಂಗಸರ ಸೊಂಟವೇರಿ ಐದೂ ಮನೆಯೊಳಗೆ ಓಡಿದ ಭರಣಿಗಳು ಬಾಯಿ ತೆರೆದವು. ಹೆಂಗಸರು ಟ್ಯೂಬ್‌ಲೈಟ್ ಹಾಕಿದರು.

"ಗಣತಿಗೆ ಬಂದಿದೀನಿ" ಎಂದರು ಆ ಮನುಷ್ಯ.

"ಬನ್ನಿ ಸರ್. ನಾನೇ ಚೈತನ್ಯ, ಗಣತಿ ಮಾಡಿರೋನು" ಎಂದು ಚೈತನ್ಯ ಜಗಲಿ ಮೇಲಿದ್ದ ರಿಪೋರ್ಟು ಕೊಟ್ಟ. ಅವರು ಗಲಿಬಿಲಿಯಾದರೂ ತೆರೆದು ಓದಿದರು. ಓದುತ್ತ ಹುಬ್ಬು ಮೇಲೇರಿತು. "ಮೂರು ತಿಂಗಳು ದಿನಾ ನೋಡಿದೀರಾ?" ಎಂದರು. ಮೊದಲನೇ ಮನೆಯೊಳಗೆ ಯಾರೋ ಕುರ್ಚಿ ಹಾಕಿದರು, ಯಾರೋ ಒಬ್ಬಟ್ಟು ಕೊಟ್ಟರು. ಕೂತವರು ತಲೆಯೆತ್ತಿದರೆ ಗೋಡೆಯ ಮೇಲೆ ಗುಲಾಬಿ ಚುಕ್ಕಿಯ ಹಲ್ಲಿಗಳು ದಿಕ್ಕುಗೆಟ್ಟು ಓಡುತ್ತಿದ್ದವು. ಓತಿಕ್ಯಾತ ಕ್ಯಾಲೆಂಡರಿನ ಮೇಲೆ ಕೂತು ತಲೆಯಾಡಿಸುತ್ತಿತ್ತು.

ಆಗಲೇ ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ ಒಂದು ಹಲ್ಲಿ ಮೆಲ್ಲಗೆ ಹೊರಬಂತು. ಬೆನ್ನ ಮೇಲೆ ಮಾಸಿದ ಮರೂನ್ ಬಣ್ಣದ ಒಂದು ಚುಕ್ಕಿ. ಚೈತನ್ಯ ಹತ್ತಿರ ಹೋಗಿ ನೋಡಿದ. ಅದು ಇದೇ ಮನೆಯದು. ಹಿಂದೆಯೇ ಇನ್ನೊಂದು ಬಂತು, ಅದಕ್ಕೂ ಒಂದೇ ಚುಕ್ಕಿ.

"ಎರಡು ಬಣ್ಣ ಯಾಕಿದೆ?" ಎಂದರು ಬಂದವರು.

"ಗುಲಾಬಿದು ಹೆಣ್ಣು ಸಾರ್, ಕೆಂಪುದು ಗಂಡು" ಎಂದರು ರಂಗಲಕ್ಷ್ಮಮ್ಮ ಥಟ್ಟನೆ.

ಎಷ್ಟು ಸಲೀಸಾದ ಸುಳ್ಳು. ಹೂಂ ಎಂದರೆ ಮುಗಿಯಿತು. ಚೈತನ್ಯನ ಕಣ್ಣ ಮುಂದೆ ಅಪರ್ಣ ಮೇಡಂ ಮುಖ ಬಂತು, ಮೂರು ತಿಂಗಳ ಪುಸ್ತಕ ಬಂತು. "ಇಲ್ಲ ಸರ್" ಎಂದ. "ಗುಲಾಬಿದೆಲ್ಲ ಸುಳ್ಳು. ನನ್ನ ಹಲ್ಲಿಗಳನ್ನ ಬೆಳಿಗ್ಗೆ ಗುಡಿಸಿ ಬೀದಿ ಕೊನೇಲಿ ಸುರಿದಿದ್ರು. ನಾನು ಕಳಕೊಂಡೆ ಅಂದ್ಕೊಂಡಿದ್ದೆ. ಅವು ತಾವಾಗೇ ವಾಪಸ್ ಬಂದವೆ. ಉಳಿದ ಮನೇವು ಬಂದಿವ್ಯೋ ಇಲ್ವೋ ಗೊತ್ತಿಲ್ಲ. ಬನ್ನಿ, ಜೊತೇಲೇ ನೋಡೋಣ."

ಇಡೀ ಬೀದಿ ಅವರ ಹಿಂದೆ ಹೊರಟಿತು. ಎರಡನೇ ಮನೆಯಲ್ಲಿ ಎರಡು ಚುಕ್ಕಿಯವು ಮೂರು ಇದ್ದವು. ಮೂರನೇ ಮನೆಯಲ್ಲಿ ಮೂರು ಚುಕ್ಕಿಯದೊಂದು ದೊಡ್ಡರಂಗಯ್ಯನ ತಂದೆಯ ಫೋಟೋದ ಮೇಲೆ ಕೂತು ಲೊಚಗುಟ್ಟಿತು. "ನನ್ನ ಮನೇದು ಕಣ್ಲಾ, ನನ್ನ ಮನೇದೇ" ಎಂದು ಅವರು ಫೋಟೋದತ್ತ ಕೈ ಮುಗಿದರು. ಕೊನೆಗೆ ಹದಿನಾಲ್ಕರಲ್ಲಿ ಹನ್ನೊಂದು ಬಂದಿದ್ದವು. ಒಂದೂ ತನ್ನ ಮನೆ ತಪ್ಪಿರಲಿಲ್ಲ. ಮಟ್ಟೆ ಗುಡ್ಡೆಗೆ ನೂರಾ ಮೂವತ್ತು ಹೆಜ್ಜೆ ಎಂದು ದೊಡ್ಡರಂಗಯ್ಯ ತಾವೇ ಅಳೆದು ಬಂದು ಹೇಳಿದರು.

ಬಂದವರು ಚೈತನ್ಯನ ಎರಡೂ ಕೈ ಹಿಡಿದುಕೊಂಡರು. "ಅಲ್ರೀ, ಹೂಂ ಅಂದಿದ್ರೆ ಆಗೋಗ್ತಿತ್ತು. ಸತ್ಯ ಹೇಳಿದ್ರಿ ನೋಡಿ, ಅದಕ್ಕೇ ಇದು ಕಂಡಿದ್ದು. ಇಂಥ ಕೆಲಸ ನಾನು ನೋಡೇ ಇಲ್ಲ. ನೂರಕ್ಕೆ ನೂರು ಕೊಡ್ಬೇಕು ನಿಮಗೆ."

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ರಂಗಲಕ್ಷ್ಮಮ್ಮ ಚೈತನ್ಯನ ತಲೆಯ ನಾರು ಬಿಡಿಸುತ್ತ ಕಣ್ಣೊರೆಸಿಕೊಂಡರು. ನಾವು ಗುಡಿಸದೇ ಇದ್ದಿದ್ದರೆ ಇದು ಗೊತ್ತಾಗುತ್ತಿತ್ತಾ ಎಂದು ಆಗಲೇ ಪಕ್ಕದವರಿಗೆ ಹೇಳುತ್ತಿದ್ದರು. ಚೈತನ್ಯನಿಗೆ ಭೂಮಿಯಿಂದ ಒಂದು ಗೇಣು ಮೇಲೆ ನಿಂತ ಹಾಗಿತ್ತು.

ಎರಡನೇ ಒಬ್ಬಟ್ಟು ಮುಗಿಸಿ ಕೈ ತೊಳೆದ ಆ ಮನುಷ್ಯ ಬ್ಯಾಗಿನಿಂದ ಮೊಬೈಲು ತೆಗೆದು ಕನ್ನಡಕ ಏರಿಸಿದರು. "ಸರಿ, ಈಗ ನನ್ನ ಕೆಲಸ ಮುಗಿಸ್ತೀನಿ. ಮನೆ ಯಜಮಾನರ ಹೆಸರು ಹೇಳಿ. ಗೋಡೆ ಇಟ್ಟಿಗೇದಾ, ಮಣ್ಣಿಂದಾ? ನಲ್ಲಿ ಒಳಗಿದ್ಯಾ?"

ಚೈತನ್ಯ ಅವರ ಎದೆಯ ಮೇಲಿನ ಐಡಿ ಕಾರ್ಡನ್ನು ಮೊದಲ ಸಲ ಓದಿದ. ಲಕ್ಷ್ಮೀಕಾಂತ್, ಹೈಸ್ಕೂಲ್ ಕನ್ನಡ ಶಿಕ್ಷಕರು, ಮನೆಗಣತಿದಾರರು.

"ಸರ್, ನೀವು ಎಕ್ಸಾಮಿನರ್ ಅಲ್ವಾ?"

"ಅಲ್ಲಪ್ಪ. ಗಣತಿಗೆ ಬಂದಿದೀನಿ ಅಂತ ಮೊದಲೇ ಹೇಳಿದ್ನಲ್ಲ. ಹಿಂದಿನ ಬೀದೀಲಿ ಬಾಗ್ಲೇ ತೆಗೀಲಿಲ್ಲ. ಇಲ್ಲಿ ಇಷ್ಟು ಪ್ರೀತಿಯಿಂದ ಕೂರಿಸಿದ್ರಿ, ನಡುವೆ ಮಾತಾಡೋಕೆ ಮನಸ್ಸಾಗ್ಲಿಲ್ಲ."

ಅಷ್ಟರಲ್ಲಿ ಚೈತನ್ಯನ ಫೋನು ಬಡಿದುಕೊಂಡಿತು. ಅಪರ್ಣ ಮೇಡಂ. "ಎಲ್ಲಿದೀಯೋ? ಅಡ್ರೆಸ್ಸಲ್ಲಿ ಗುಬ್ಬಿ ಗೇಟ್ ಹತ್ರ ಅಂತ ಬರ್ದಿದೀಯ. ಎಕ್ಸಾಮಿನರ್ ಇಲ್ಲೇ ತುಮಕೂರಿನ ಗುಬ್ಬಿ ಗೇಟ್ ಸರ್ಕಲ್ಲಲ್ಲಿ ಒಂದು ಗಂಟೆ ಹೊತ್ತಿಂದ ನಿಂತಿದಾರೆ."

"ಮೇಡಂ, ನಾನು ಬರ್ದಿದ್ದು ಗುಬ್ಬೀಲಿರೋ ರೈಲ್ವೆ ಗೇಟು" ಎಂದ ಚೈತನ್ಯ. ಆಮೇಲೆ ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದ. ಆ ಕಡೆ ಮೇಡಂ ಯಾರೊಂದಿಗೋ ಬಹಳ ಹೊತ್ತು ಮಾತಾಡಿದರು. ಮತ್ತೆ ಬಂದಾಗ ಅವರ ದನಿ ಹಾಡುವ ಹಾಗಿತ್ತು.

"ಚೈತನ್ಯ, ಅವರ ಸಿಟ್ಟೆಲ್ಲ ಹೋಯ್ತು. ಹಲ್ಲಿ ಮನೆ ಹುಡುಕ್ಕೊಂಡು ಬರುತ್ತೆ ಅಂದ್ರೆ ಇದೇ ನಿಜವಾದ ಪ್ರಾಜೆಕ್ಟು ಅಂತಿದಾರೆ. ಹಳೇ ರಿಪೋರ್ಟ್ ಬೇಡವಂತೆ, ಹೊಸದಾಗಿ ಬರೀಬೇಕಂತೆ. ನಾಳೆ ಬೆಳಿಗ್ಗೆ ಏಳಕ್ಕೇ ಬರ್ತಾರೆ. ಇವತ್ತು ರಾತ್ರೀನೇ ಹಿಡಿದು ಚುಕ್ಕಿ ಇಟ್ಟಿರು, ಅವರ ಕಣ್ಣೆದುರೇ ಮಟ್ಟೆ ಗುಡ್ಡೆಗೆ ಬಿಟ್ಟು, ಸಂಜೆ ತನಕ ಕೂತು ನೋಡ್ತಾರಂತೆ. ಈ ಸಲ ಹದಿನಾಲ್ಕು ಸಾಲ್ದು, ನಲವತ್ತು ಬೇಕು ಅಂದಿದಾರೆ."

ಫೋನು ಇಟ್ಟ ಚೈತನ್ಯ, ನಾರು ಮೆತ್ತಿದ ಮೈಯಲ್ಲಿ, ಮುನ್ನೂರು ರೂಪಾಯಿ ಕೊಟ್ಟು ಬೈಂಡ್ ಮಾಡಿಸಿದ ರಿಪೋರ್ಟು ಕಂಕುಳಲ್ಲಿಟ್ಟುಕೊಂಡು ಬೀದಿಯ ನಡುವೆ ನಿಂತ. ನಗಬೇಕೋ ಅಳಬೇಕೋ ನಿರ್ಧರಿಸುವ ಮೊದಲೇ ಅವನಿಗೆ ನಗು ಬಂದುಬಿಟ್ಟಿತ್ತು.

"ನಲವತ್ತಾ?" ಎಂದರು ರಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ. "ಐವತ್ತು ಮಾಡಣ. ಮೇಷ್ಟ್ರೇ, ನಮ್ಮನೆ ನಲ್ಲಿ ಒಳಗೇ ಐತೆ, ಬರ್ಕೊಂಡು ಬೇಗ ಬನ್ನಿ. ಅಲ್ಲೇ ಮೂಲೇಲಿ ಒಂದು ಹಲ್ಲಿ ಕೂತದೆ, ನೀವೇ ಎತ್ತರ ಇದೀರಿ."

ಲಕ್ಷ್ಮೀಕಾಂತ್ ಮೇಷ್ಟ್ರು ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದರು.