ಕೊಯ್ತಾ ತಡೆದ ಗಾದಿ

ಸಿನಿಮಾ ಶುರುವಾಗುವ ಮೊದಲು ‘ಇದು ನಿಜವಾಗಿ ನಡೆದ ಘಟನೆ’ ಎಂಬ ಬಿಳಿ ಅಕ್ಷರಗಳು ಕಂಡರೆ ನನಗೆ ಕಳವಳವಾಗುತ್ತದೆ. ಕಟ್ಟುಕಥೆಯಾದರೆ ಚಿಂತೆಯಿಲ್ಲ. ಅದರಲ್ಲಿ ಒಬ್ಬನೇ ಇಪ್ಪತ್ತು ಮಂದಿಯನ್ನು ಮಲಗಿಸಿದರೂ ಮನೆಯವರು ಚುರುಮುರಿ ತಿನ್ನುತ್ತ ನೋಡುತ್ತಾರೆ, ಮುಗಿದ ಮೇಲೆ ಎದ್ದು ಹೋಗುತ್ತಾರೆ. ನಡೆದ ಘಟನೆ ಎಂದ ಕೂಡಲೇ ಮಾತ್ರ ‘ನೀವು ಅಲ್ಲಿದ್ದರೆ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆ ಏಳುತ್ತದೆ. ಬೇರೆ ಗಂಡಸರಿಗೆ ಇದು ಸುಲಭದ ಪ್ರಶ್ನೆ. ಅವರು ಅಲ್ಲಿ ಇರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಬಹುದು. ನನ್ನ ಕಷ್ಟವೇನೆಂದರೆ, ನಾನು ಅಲ್ಲಿದ್ದೆ. ಸಿನಿಮಾದ ರೈಲಿನಲ್ಲಲ್ಲ, ನಿಪ್ಪಾಣಿಯಿಂದ ಚಿಕ್ಕೋಡಿ ಹಾಯ್ದು ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ.

ಹೋದ ರವಿವಾರ ಮಧ್ಯಾಹ್ನ ನಮ್ಮ ಮನೆಯ ಟೀವಿಯಲ್ಲಿ ಅಂಥದೊಂದು ಸಿನಿಮಾ ಬಂತು. ಯಾವುದೋ ದೇಶದ ಮೂವರು ಗೆಳೆಯರು ರಜೆಯಲ್ಲಿ ಊರೂರು ಅಲೆಯುತ್ತ ಒಂದು ರೈಲು ಹತ್ತುತ್ತಾರೆ. ಅದರಲ್ಲಿ ಒಬ್ಬ ಬಂದೂಕು ಹೊರತೆಗೆಯುತ್ತಾನೆ, ಇವರು ಅವನನ್ನು ಕೆಡವಿ ಹಿಡಿಯುತ್ತಾರೆ. ಇಷ್ಟೇ ಕಥೆ. ಇದನ್ನು ಯಾರೋ ಮೊದಲೇ ನನ್ನ ಹೆಂಡತಿ ಕಸ್ತೂರಿಯ ಕಿವಿಗೆ ಹಾಕಿದ್ದರು. ಅವಳು ಬೆಳಿಗ್ಗೆ ಚಹಾದ ಜೊತೆಗೇ ಸುದ್ದಿ ತಂದಳು. “ಇವತ್ತ ಟೀವ್ಯಾಗ ನಿಮ್ಮದಽ ಕಥಿ ಬರತೈತಂತ್ರಿ. ಅಪ್ಪಾಸಾಹೇಬಣ್ಣಗ, ದಸ್ತಗೀರಣ್ಣಗ ಇಬ್ಬರಿಗೂ ಬರಾಕ ಹೇಳೇನಿ.”

ಅಪ್ಪಾಸಾಹೇಬ ಅಂಕಲಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ದಸ್ತಗೀರ ಅದೇ ಸಾಲಿನಲ್ಲಿ ಟೇಲರ್. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರು. ಕಲಿತದ್ದಕ್ಕಿಂತ ಕುಳಿತದ್ದು ಹೆಚ್ಚು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಮೂವರಲ್ಲಿ ಯಾರೂ ಈವರೆಗೆ ಯಾರ ಕೊರಳಪಟ್ಟಿಗೂ ಕೈ ಹಾಕಿದವರಲ್ಲ, ದಸ್ತಗೀರನೊಬ್ಬನನ್ನು ಬಿಟ್ಟು. ಅವನು ಹಾಕುವುದು ಅಳತೆ ತೆಗೆಯಲಿಕ್ಕೆ.

ಎರಡು ವರ್ಷದ ಹಿಂದೆ ಕಸ್ತೂರಿಗೆ ಸೊಂಟನೋವು ಹತ್ತಿತು. ಚಿಕ್ಕೋಡಿಯ ಡಾಕ್ಟರರು ಮಾತ್ರೆ ಬರೆದುಕೊಟ್ಟು, ನೆಲದ ಮೇಲೆ ಮಲಗುವುದನ್ನು ಬಿಡಿ, ಒಳ್ಳೆಯ ಅರಳೆಯ ಗಾದಿ ಮಾಡಿಸಿರಿ ಎಂದರು. ನಿಪ್ಪಾಣಿಯಲ್ಲಿ ಗಾದಿ ಮಾಡುವವನೊಬ್ಬ ದಸ್ತಗೀರನಿಗೆ ಗುರುತಿನವನಿದ್ದ. ಮೂವರೂ ಹೋದೆವು. ಗಾದಿ ಹೊತ್ತು ತರಲು ಇಬ್ಬರು ಸಾಕು, ಆದರೆ ನಮ್ಮಲ್ಲಿ ಇಬ್ಬರು ಹೊರಟರೆ ಮೂರನೆಯವನಿಗೆ ಬೇಜಾರಾಗುತ್ತದೆ. ಗಾದಿ ಮಾಡಿದವನು ಅದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಹಿಡಿಯಲು ಅನುಕೂಲವಾಗಲೆಂದು ಎರಡೂ ತುದಿಗೆ ಮೊಳದಷ್ಟು ಹಗ್ಗ ಬಿಟ್ಟಿದ್ದ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಇದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಎಂಬ ಭಯ ನನಗೆ. ಅವರಿಬ್ಬರು ಚಹಾಕ್ಕೆ ಹೋದರೂ ನಾನು ಗಾದಿ ಬಿಟ್ಟು ಕದಲಲಿಲ್ಲ.

ಬಂದದ್ದು ಮುಂದೊಂದು, ಹಿಂದೊಂದು ಬಾಗಿಲಿದ್ದ ಹಳೆಯ ಬಸ್ಸು. ಟಾಪಿನ ಮೇಲೆ ಹಾಕಿದರೆ ಹೊಸ ಗಾದಿ ಧೂಳು ಕುಡಿಯುತ್ತದೆಂದು ಒಳಗೇ ತಂದು, ಎರಡು ಸಾಲು ಸೀಟುಗಳ ನಡುವಿನ ದಾರಿಯಲ್ಲಿ ಉದ್ದಕ್ಕೆ ಮಲಗಿಸಿದೆವು. ಮುಂದಿನ ತುದಿಗೆ ಅಪ್ಪಾಸಾಹೇಬ, ಹಿಂದಿನ ತುದಿಗೆ ನಾನು, ನಡುವೆ ದಸ್ತಗೀರ. ಕಂಡಕ್ಟರ್ ಮರಾಠಿಯಲ್ಲಿ ಬೈದ, ಅಪ್ಪಾಸಾಹೇಬ ಕನ್ನಡದಲ್ಲಿ ಉತ್ತರ ಕೊಟ್ಟ, ಕೊನೆಗೆ ಇಬ್ಬರೂ ಹಿಂದಿಯಲ್ಲಿ ರಾಜಿಯಾದರು. ನಮ್ಮ ಕಡೆ ಜಗಳಗಳು ಹೀಗೆಯೇ. ಬೇಸರವಾಗುವ ಹೊತ್ತಿಗೆ ಭಾಷೆ ಬದಲಾಗಿ ಹೊಸ ಹುರುಪು ಬರುತ್ತದೆ.

ಚಿಕ್ಕೋಡಿ ಇನ್ನೂ ಸ್ವಲ್ಪ ದೂರವಿತ್ತು. ಬಸ್ಸಿನ ನಡುವೆ, ಗಾದಿಯ ಆಚೆ ಒಬ್ಬ, ಈಚೆ ಒಬ್ಬ ಕುಳಿತು ಜಗಳ ತೆಗೆದಿದ್ದರು. ಪಾಲಬಾವಿ ಕಡೆಯವರು, ಅಣ್ಣತಮ್ಮಂದಿರ ಮಕ್ಕಳು. ಹೊಳೆಯಿಂದ ಇಬ್ಬರಿಗೂ ಕೂಡಿ ಒಂದೇ ಪೈಪು, ನೀರಿನ ಪಾಳಿ ಯಾರದು ಎಂಬುದು ವಿಷಯ. ಕೃಷ್ಣೆ ಎಲ್ಲಿ ಹುಟ್ಟುತ್ತಾಳೆ, ಯಾವ ಸಮುದ್ರ ಸೇರುತ್ತಾಳೆ ಎಂದು ನಾನು ವರ್ಷವೂ ಕಲಿಸುತ್ತೇನೆ. ನಡುವೆ ಯಾರ ಹೊಲದಲ್ಲಿ ಎಷ್ಟು ತಾಸು ನಿಲ್ಲಬೇಕೆಂಬುದು ಪಾಠದಲ್ಲಿಲ್ಲ. ಹೀಗಾಗಿ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಎಡಗಡೆ ಕುಳಿತವನ ಕಾಲ ಬಳಿ ಗೋಣಿತಟ್ಟು ಸುತ್ತಿದ ಕೊಯ್ತಾ, ಅಂದರೆ ಕಬ್ಬು ಕಡಿಯುವ ಮಚ್ಚು, ಇತ್ತು. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಬಸ್ಸುಗಳಲ್ಲಿ ಕೊಯ್ತಾ ಎಂದರೆ ಛತ್ರಿ ಇದ್ದಂತೆ, ಯಾರೂ ತಿರುಗಿ ನೋಡುವುದಿಲ್ಲ. ಬಲಗಡೆಯವನು ಏನೋ ಒಂದು ಮಾತು ಹೆಚ್ಚಿಗೆ ಆಡಿದ. ಎಡಗಡೆಯವನು ಗೋಣಿತಟ್ಟು ಬಿಚ್ಚಿ ಎದ್ದು ನಿಂತ.

ಮುಂದೆ ಆದದ್ದನ್ನು ಅಂಕಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವರು ಗೆಳೆಯರು ಒಂದೇ ಕ್ಷಣಕ್ಕೆ ಎದ್ದರು. ಒಬ್ಬ ಕೆಳಗೆ ನುಗ್ಗಿ ಹೊಡೆಯುವವನ ಕಾಲು ಹಿಡಿದ. ಇಬ್ಬರು ಗಾದಿಯ ಎರಡು ತುದಿ ಹಿಡಿದೆತ್ತಿ ಇಬ್ಬರ ನಡುವೆ ಗೋಡೆ ಮಾಡಿದರು. ಕೊಯ್ತಾ ಬಂದು ಗಾದಿಯಲ್ಲಿ ನೆಟ್ಟಿತು, ಒಂದು ಜೀವ ಉಳಿಯಿತು.

ಇದರಲ್ಲಿ ಸುಳ್ಳೇನೂ ಇಲ್ಲ. ಎಲ್ಲವೂ ಕಂಡದ್ದು ಹಾಗೆಯೇ. ನಮಗೆ ಒಳಗಿನಿಂದ ಕಂಡದ್ದು ಮಾತ್ರ ಬೇರೆ. ಕೊಯ್ತಾ ಮಿಂಚಿದೊಡನೆ ಅಪ್ಪಾಸಾಹೇಬ ಮುಂದಿನ ಬಾಗಿಲ ಕಡೆ ಓಡಿದ. ನಾನು ಹಿಂದಿನ ಬಾಗಿಲ ಕಡೆ ಓಡಿದೆ. ಭೂಗೋಳದ ಮಾಸ್ತರನಾದ್ದರಿಂದ ದಿಕ್ಕು ತಪ್ಪಲಿಲ್ಲ. ಅಪ್ಪಾಸಾಹೇಬ ಗೊಬ್ಬರದ ಚೀಲ ಎತ್ತಿ ರೂಢಿಯಾದವನು, ಕೈಗೆ ಸಿಕ್ಕದ್ದನ್ನು ಬೇಗ ಬಿಡುವುದಿಲ್ಲ. ನನ್ನ ತುದಿಯೂ ನನ್ನ ಕೈಯಲ್ಲೇ ಇತ್ತು. ಅವನು ಅತ್ತ ಜಗ್ಗಿದ, ನಾನು ಇತ್ತ ಜಗ್ಗಿದೆ, ಗಾದಿ ಬಿಗಿದುಕೊಂಡು ಎದೆಮಟ್ಟಕ್ಕೆ ಎದ್ದಿತು. ದಸ್ತಗೀರ ಸೀಟಿನ ಕೆಳಗೆ ತೂರಿ, ಕಣ್ಣು ಮುಚ್ಚಿ, ಸೀಟಿನ ಕಬ್ಬಿಣದ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡ. ಆ ಕಬ್ಬಿಣ ಪೈಜಾಮ ತೊಟ್ಟಿದೆ ಎಂದು ಅವನಿಗೆ ತಿಳಿಯುವುದರೊಳಗೆ ಕಂಡಕ್ಟರನೂ ನಾಲ್ಕು ಮಂದಿಯೂ ಬಂದು ಕೊಯ್ತಾದವನನ್ನು ಹಿಡಿದಾಗಿತ್ತು. ಕೊಯ್ತಾ ಅರಳೆಯಲ್ಲಿ ಗೇಣುದ್ದ ಇಳಿದು ಕುಳಿತಿತ್ತು.

ಡ್ರೈವರ್ ಬಸ್ಸನ್ನು ನೇರ ಪೊಲೀಸ್ ಠಾಣೆಗೆ ಒಯ್ದ. ಅಲ್ಲಿ ಎಲ್ಲರೂ ನಮ್ಮನ್ನು ಮಾತಾಡಿಸಿದರು. ನಮ್ಮ ಮೂವರ ಬಾಯಿಂದಲೂ ಮಾತು ಹೊರಡಲಿಲ್ಲ, ನಾಲಗೆ ಒಣಗಿತ್ತು. ಅದನ್ನು ಜನ ವಿನಯ ಎಂದು ತಿಳಿದರು. ಮರುದಿನ ಸರಿಪಡಿಸೋಣವೆಂದರೆ, ಅಷ್ಟರಲ್ಲಿ ಊರಿನ ಕಟ್ಟೆಯ ಮುಂದೆ ಬ್ಯಾನರ್ ಎದ್ದಿತ್ತು. ಅದರಲ್ಲಿ ಗಾದಿಯ ಫೋಟೋ ನಮ್ಮ ಮೂವರ ಫೋಟೋಗಳಿಗಿಂತ ದೊಡ್ಡದಿತ್ತು. ಒಂದು ವಾರದಲ್ಲಿ ಸತ್ಕಾರವಾಯಿತು. ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು. ನಮ್ಮ ಶಾಲೆಯವರು ನನಗೊಂದು ಕೈಗಡಿಯಾರ ಕೊಟ್ಟರು. ಅಗಲ ಪಟ್ಟಿಯ, ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ ಆ ಗಡಿಯಾರವನ್ನು ನಾನು ಇಂದಿಗೂ ಕೈಯಿಂದ ಬಿಚ್ಚುವುದಿಲ್ಲ. ಭಾಷಣ ಮಾಡಲೇಬೇಕೆಂದಾಗ, ಆ ಗದ್ದಲದಲ್ಲಿ ನನ್ನ ಹೊಸ ಅಥಣಿ ಚಪ್ಪಲಿ ಒಂದು ಕಳೆದುಹೋಯಿತು ಎಂದಷ್ಟೇ ಹೇಳಿದೆ. ಅದಕ್ಕೆ ಬಿದ್ದ ಚಪ್ಪಾಳೆಯನ್ನು ನಾನು ಎಂದೂ ಮರೆಯಲಾರೆ. ಫೇಟಾ ಕಣ್ಣಿನ ಮೇಲೆ ಜಾರಿದ್ದರಿಂದ ಯಾರ ಮುಖವನ್ನೂ ನೋಡುವ ಪ್ರಸಂಗ ಬರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಗಾದಿ ಠಾಣೆಯಿಂದ ಮನೆಗೆ ಬಂದ ದಿನ ದಸ್ತಗೀರ ಸೂಜಿ ದಾರ ತಂದ. ಕಸ್ತೂರಿ ಅವನನ್ನು ಹೊರಗೇ ತಡೆದು, ಹೊಲಿಯುವುದು ಬೇಡ ಎಂದಳು. ಹರಿದ ಬಾಯಿ ಮೇಲಕ್ಕೆ ಕಾಣುವಂತೆ ಪಡಸಾಲೆಯ ಮಂಚದ ಮೇಲೆ ಅದನ್ನು ಹಾಸಿದಳು. ಬಂದವರೆಲ್ಲ ನೋಡಿದರು. ಕೆಲವರು ಬೆರಳು ಹಾಕಿ ಆಳ ನೋಡಿದರು. ಸದಲಗಾದಿಂದ ಬಂದ ನಮ್ಮ ದೂರದ ಬೀಗರು ಮೊಳಕೈತನಕ ತೂರಿಸಿ, ಭಾರೀ ಏಟು ಎಂದರು. ಹಾಗೆ ಬೆರಳು ಹಾಕಿದವರೆಲ್ಲ ಹೊರಬರುವಾಗ ಒಂದಿಷ್ಟು ಅರಳೆ ತಂದರು. ಅದು ಮನೆಯಲ್ಲೆಲ್ಲ ಹಾರಾಡಿತು, ಚಹಾದಲ್ಲಿ ಬಿತ್ತು, ನಾನು ತಿದ್ದುವ ಉತ್ತರಪತ್ರಿಕೆಗಳ ಮೇಲೆ ಕುಳಿತಿತು. ಪಾಲಬಾವಿಯ ಆ ಇಬ್ಬರು ಕೂಡ ಈಗ ರಾಜಿಯಾಗಿ, ಒಂದೇ ಬೈಕಿನ ಮೇಲೆ ಬಂದು ಗಾದಿ ನೋಡಿ ಹೋದರು. ಕೊಯ್ತಾ ಹಿಡಿದಿದ್ದವನು, ಏಟು ಇನ್ನೂ ಸ್ವಲ್ಪ ಎಡಕ್ಕೆ ಬಿದ್ದಿತ್ತೆಂದು ತನ್ನ ನೆನಪು ಎಂದ.

ನಗುವ ಮಾತು ಇಷ್ಟು. ನಗಲಾಗದ ಮಾತೆಂದರೆ, ಯಾರ ಸೊಂಟಕ್ಕಾಗಿ ಆ ಗಾದಿ ಬಂತೋ ಅವಳು ಎರಡು ವರ್ಷದಿಂದ ಒಳಕೋಣೆಯಲ್ಲಿ ಚಾಪೆ, ಅದರ ಮೇಲೊಂದು ಕೌದಿ ಹಾಸಿ ಮಲಗುತ್ತಿದ್ದಾಳೆ. ಬೆಳಿಗ್ಗೆ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಏಳುವಾಗಿನ ಅವಳ ನರಳಿಕೆ ನನಗೆ ಪಕ್ಕದ ಕೋಣೆಗೂ ಕೇಳುತ್ತದೆ. ಹೊಲಿಸೋಣ, ನೀನು ಅದರ ಮೇಲೆ ಮಲಗು ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಬೇರೆ ಗಾದಿ ತರುತ್ತೇನೆಂದರೂ ಒಪ್ಪುವುದಿಲ್ಲ. ಗಂಡನ ಶೌರ್ಯದ ಗುರುತನ್ನು ಮುಚ್ಚಲು ಅವಳಿಗೆ ಮನಸ್ಸಿಲ್ಲ ಎಂದು ನಾನು ತಿಳಿದಿದ್ದೆ. ಮೂವತ್ತು ವರ್ಷ ನನ್ನನ್ನು ಗೋಡೆಯ ಮೇಲಿನ ಹಲ್ಲಿಗೂ ಅಂಜುವವನೆಂದೇ ಕಂಡವಳು ಅವಳು. ಈಗಷ್ಟೇ ಒಂದಿಷ್ಟು ಅಭಿಮಾನ ಮೂಡಿರುವಾಗ, ನಾನು ಓಡುತ್ತಿದ್ದೆ ಎಂದು ಹೇಗೆ ಹೇಳಲಿ? ಹೇಳಿದರೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳ ಸೊಂಟ ಹೋಗುತ್ತದೆ. ಎರಡು ವರ್ಷ ನಾನು ನನ್ನ ಮರ್ಯಾದೆಯನ್ನೇ ಕಾಯ್ದುಕೊಂಡು ಬಂದೆ, ಹೇಳಲು ನಾಚಿಕೆಯಾಗುತ್ತದೆ.

ಮೊನ್ನೆಯ ಸಿನಿಮಾಕ್ಕೆ ಬರುತ್ತೇನೆ. ಮೂವರೂ ಆ ಗಾದಿಯ ಮೇಲೆಯೇ ಸಾಲಾಗಿ ಕುಳಿತು ನೋಡಿದೆವು. ಮುಕ್ಕಾಲು ಸಿನಿಮಾದವರೆಗೆ ಏನೂ ಆಗುವುದಿಲ್ಲ. ಅವರು ತಿನ್ನುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ದಾರಿ ತಪ್ಪುತ್ತಾರೆ. ಅಷ್ಟು ಹೊತ್ತು ನಾವು ಅವರನ್ನು ಪೂರ್ತಿ ನಂಬಿದೆವು. ಬಂದೂಕು ಹೊರಬಂದ ಮೇಲೆ ಒಬ್ಬ ಎದ್ದು ಅದರ ಕಡೆಗೇ ಓಡಿದ. ಆಗ ಅಪ್ಪಾಸಾಹೇಬನಿಗೆ ಕೆಮ್ಮು ಬಂತು. ದಸ್ತಗೀರ ತನ್ನ ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡ. ಆವತ್ತಿನ ಬಸ್ಸಿನ ವಿಷಯವನ್ನು ನಾವು ಮೂವರು ನಮ್ಮ ನಮ್ಮೊಳಗೆ ಒಂದು ಸಲವೂ ಮಾತಾಡಿಲ್ಲ. ಸಿನಿಮಾ ಮುಗಿದು ಅವರಿಗೆ ಪದಕ ಹಾಕುತ್ತಿದ್ದಾಗ ಕಸ್ತೂರಿ ಗೋಡೆಗೆ ಒರಗಿ ಕುಳಿತಲ್ಲಿಂದಲೇ ಕೇಳಿದಳು. “ಆ ಹೊತ್ತಿನ್ಯಾಗ ನಿಮ್ಮ ತಲಿಯಾಗ ಏನ ಬಂದಿತ್ರಿ?”

ಅಪ್ಪಾಸಾಹೇಬನಿಗೆ ಅಂಗಡಿ ತೆರೆಯುವುದು ನೆನಪಾಯಿತು, ರವಿವಾರವಾದರೂ. ದಸ್ತಗೀರನಿಗೆ ಯಾರದೋ ಕುಪ್ಪಸ ನೆನಪಾಯಿತು. ಇಬ್ಬರೂ ಹೋದರು. ಕಸ್ತೂರಿ ಏಳಲು ಹೋದವಳು ಅರ್ಧಕ್ಕೆ ನಿಂತು, ತುಟಿ ಕಚ್ಚಿ, ಸೊಂಟ ಹಿಡಿದುಕೊಂಡಳು. ಸಿನಿಮಾದವರ ಪದಕ ನೋಡಿ ಮೊದಲೇ ಮನಸ್ಸಿಗೆ ಚುಚ್ಚಿತ್ತು, ಇದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

“ಕಸ್ತೂರಿ, ಆವತ್ತ ನಾ ಯಾರನ್ನೂ ಉಳಸಾಕ ಎದ್ದಿರಲಿಲ್ಲ. ಹಿಂದಿನ ಬಾಗಲದಿಂದ ಓಡಿ ಹೋಗಾಕತ್ತಿದ್ದೆ” ಎಂದೆ.

ಅವಳು ಎದ್ದು ಒಳಗೆ ಹೋದಳು. ಜೋಳದ ಡಬ್ಬಿ ಸರಿಸುವ ಸಪ್ಪಳ ಕೇಳಿತು. ಹೊರಬಂದಾಗ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿ ನನ್ನ ಮುಂದೆ ಇಟ್ಟಳು. ಕಳೆದುಹೋದ ನನ್ನ ಅಥಣಿ ಚಪ್ಪಲಿ.

“ಗೊತ್ತೈತ್ರಿ. ಸತ್ಕಾರದ ಮರುದಿನ ಕಂಡಕ್ಟರ್ ಬಂದ ಕೊಟ್ಟ ಹೋದ್ರು. ಹಿಂದಿನ ಬಾಗಲದ ಪಾವಟಿಗಿ ಮ್ಯಾಲ ಸಿಕ್ಕಿತ್ತಂತ.”

ಗೊತ್ತಿದ್ದೂ ಎರಡು ವರ್ಷ ಗಾದಿ ಹೊಲಿಯಲು ಯಾಕೆ ಬಿಡಲಿಲ್ಲ ಎಂದು ಕೇಳಿದೆ. ಅವಳು ಮಂಚದ ಅಂಚಿಗೆ ಕುಳಿತು, ಹರಿದ ಬಾಯಿಂದ ಹೊರಬಂದ ಅರಳೆಯನ್ನು ಬೆರಳಿನಿಂದ ಒಳಗೆ ತುಂಬುತ್ತ ಹೇಳಿದಳು. “ಬಂದವರೆಲ್ಲಾ ಕೊಯ್ತಾ ಬಿದ್ದದ್ದ ನೋಡತಾರ. ನಾ ನೋಡೂದು ಬ್ಯಾರೆ. ಜೀವದ ಅಂಜಿಕಿ ಬಂದಾಗ ಮನಷ್ಯಾ ಮದಲ ಕೈಯಾಗಿನ ಗಂಟ ಬಿಟ್ಟ ಓಡತಾನ. ನೀವು ಓಡಿದ್ರಿ, ಖರೆ. ನನ್ನ ಗಾದಿ ಬಿಡಲಿಲ್ಲ. ಓಡಿದ್ದನ್ನ ನೀವಽ ಬಂದ ಹೇಳತೀರೇನ ಅಂತ ನೋಡಾಕತ್ತಿದ್ದೆ. ಈಗ ಹೇಳಿದ್ರಲ್ಲಾ, ನಡೀರಿ, ಹೊಲಿಸಿಕೊಂಡ ಬರೂಣು.”

ನನ್ನ ಕಣ್ಣು ತುಂಬಿ ಬಂತು. ಫೇಟಾ ಸುತ್ತಿದಾಗ ಆಗದ ಸಂತೋಷ ಆಗ ಆಯಿತು. ಆದರೆ ಆ ಸಂತೋಷದ ನಡುವೆಯೇ ಎಡಗೈಯ ಮಣಿಕಟ್ಟು ತುರಿಸಿತು.

ಓದುವ ನಿಮಗೂ ನಾನು ಒಂದು ಮಾತನ್ನು ಪೂರ್ತಿ ಹೇಳಿಲ್ಲ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಗಾದಿ ಕಳುವಾದೀತೆಂದು ಹೆದರಿ ಅದರ ಹಗ್ಗದ ತುದಿಯನ್ನು ನಾನು ಎಡಗೈಗೆ ಸುತ್ತಿ ಮೂರು ಗಂಟು ಹಾಕಿಕೊಂಡಿದ್ದೆ. ಓಡುವಾಗ ಅದನ್ನು ಬಿಚ್ಚಲು ಹಲ್ಲಿನಿಂದಲೂ ಪ್ರಯತ್ನಪಟ್ಟೆ. ಬಿಚ್ಚಿದ್ದು ಗಾದಿಯನ್ನು ಠಾಣೆಯ ಹಿಂದೆ ತಂದಿಟ್ಟ ಮೇಲೆ, ನಳದ ಹತ್ತಿರ, ಯಾರೂ ಇಲ್ಲದಾಗ. ಆ ಹಗ್ಗ ಕೊಯ್ದ ಗುರುತು ಇನ್ನೂ ಮಾಸಿಲ್ಲ. ಶಾಲೆಯವರು ಕೊಟ್ಟ ಗಡಿಯಾರದ ಅಗಲ ಪಟ್ಟಿ ಅದನ್ನು ಸರಿಯಾಗಿ ಮುಚ್ಚುತ್ತದೆ.

ಇದನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಕಸ್ತೂರಿ ಆಗಲೇ ಗಾದಿಯನ್ನು ಸುತ್ತಿ ಒಂದು ತುದಿ ಎತ್ತಿಕೊಂಡು ನನ್ನ ಮುಖ ನೋಡುತ್ತಿದ್ದಳು. ಹಾಗೆ ಅವಳು ನನ್ನನ್ನು ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ನೋಡಿದ್ದಳು, ಆಮೇಲೆ ನೋಡಿರಲಿಲ್ಲ. ಗಡಿಯಾರವನ್ನು ಸ್ವಲ್ಪ ಸರಿಮಾಡಿಕೊಂಡು ನಾನು ಇನ್ನೊಂದು ತುದಿಗೆ ಹೋದೆ.

“ಗಟ್ಟಿ ಹಿಡೀರಿ” ಎಂದಳು.

ಹಿಡಿದೆ, ಈ ಸಲ ಗಂಟು ಹಾಕದೆ. ದಸ್ತಗೀರನ ಅಂಗಡಿ ಇರುವುದು ನಾಲ್ಕು ಮನೆ ಆಚೆ, ಅಷ್ಟರಲ್ಲಿ ಎರಡು ಸಲ ಕೈ ಸೋತು ಕೆಳಗಿಟ್ಟೆ.