ಪೊಲೀಸನಿಗೆ ಹೇಳಿದ ‘ಹೋಗಿ ಬರ್ತೀವಿ’

ನನ್ನ ಬದುಕಿನ ಕೊನೆಯ ಸಾಧಾರಣ ರಜಾದಿನವನ್ನು ನಾನು ಹನ್ನೆರಡು ಮಂದಿ ಐರಿಷ್ ಕುಡುಕರ ವ್ಯಾನ್ ಓಡಿಸುತ್ತ ಕಳೆದೆ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಇದೇ ಕೊನೆಯದು ಎಂದು ಮೊದಲೇ ಗೊತ್ತಿದ್ದರೆ ಯಾರಾದರೂ ಆ ದಿನಕ್ಕೆ ಒಂದಿಷ್ಟು ಘನತೆಯ ಕೆಲಸ ಇಟ್ಟುಕೊಳ್ಳುತ್ತಿದ್ದರು. ನಾನಾದರೋ ಸ್ಯಾನ್ ಡಿಯಾಗೋದ ಒಂದು ಪಾರ್ಕಿನಲ್ಲಿ, ಗೋಲಿನ ಕಂಬ ಹತ್ತಿ ಕುಳಿತ ಒಬ್ಬ ದೈತ್ಯನಿಗೆ ಕೆಳಗಿನಿಂದ ‘ಪ್ಲೀಸ್, ಪ್ಲೀಸ್’ ಎನ್ನುತ್ತ ನಿಂತಿದ್ದೆ. ಅದು ಭಾನುವಾರ. ಮಂಗಳವಾರ ಮಧ್ಯಾಹ್ನ ನನ್ನ ಹೆಂಡತಿ ಸುಮತಿ ತೀರಿಕೊಂಡಳು. ತಲೆಯೊಳಗೆ ಒಂದು ರಕ್ತನಾಳ ಒಡೆಯಿತು ಎಂದರು ಡಾಕ್ಟರು. ಮಂಗಳವಾರದ ವಿಷಯವನ್ನು ಎಲ್ಲರೂ ಕೇಳಿದ್ದಾರೆ, ಎಲ್ಲರಿಗೂ ಹೇಳಿದ್ದೇನೆ. ಭಾನುವಾರದ ಬಗ್ಗೆ ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಒಂದು ಕಾನೂನನ್ನು ಹೇಳಬೇಕು. ಲಾಸ್ ಏಂಜಲೀಸಿನ ಪಕ್ಕದ ಟೊರೆನ್ಸಿನ ನಮ್ಮ ಮನೆಯಿಂದ ಯಾರೂ ‘ಹೋಗ್ತೀನಿ’ ಎಂದು ಹೇಳಿ ಹೊರಗೆ ಕಾಲಿಡುವಂತಿರಲಿಲ್ಲ. ‘ಹೋಗಿ ಬರ್ತೀನಿ’ ಎನ್ನಬೇಕು. ಅದಕ್ಕೆ ಒಳಗಿನಿಂದ ಸುಮತಿ ‘ಆಯ್ತು, ಬನ್ನಿ’ ಎನ್ನಬೇಕು. ಆಗ ಮಾತ್ರ ಹೋಗುವುದು ಸಿಂಧು. ಇದು ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ಆದರೆ ಉಡುಪಿಯ ಸುಮತಿ ಅದನ್ನು ಜಾರಿಗೆ ತರುತ್ತಿದ್ದ ರೀತಿ ಬೇರೆ. ನಾನು ಅವಸರದಲ್ಲಿ ಮರೆತು ಕಾರು ಹತ್ತಿದರೆ ಡ್ರೈವ್‌ವೇಯಿಂದ ವಾಪಸ್ ಕರೆದು, ಚಪ್ಪಲಿ ಬಿಚ್ಚಿಸಿ, ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕುಡಿಸಿ, ಹೊಸದಾಗಿ ಹೊರಡಿಸುತ್ತಿದ್ದಳು. ವಿಮಾನದ ರೆಕ್ಕೆ ಎಷ್ಟು ಭಾರ ತಾಳುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಆ ಆಫೀಸಿಗೆ ವಾರದಲ್ಲಿ ಎರಡು ದಿನ ನಾನು ತಡವಾಗಿ ಹೋಗುತ್ತಿದ್ದುದು ಟ್ರಾಫಿಕ್ಕಿನಿಂದಲ್ಲ, ಈ ಲೋಟದಿಂದ. ಮ್ಯಾನೇಜರ್ ಕೇಳಿದಾಗ ಒಮ್ಮೆ ನಿಜ ಹೇಳಿಬಿಟ್ಟೆ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ.

ನಮ್ಮ ಮಗಳು ಅನು, ಆಗ ಹನ್ನೊಂದು ವರ್ಷದವಳು, ಇಲ್ಲಿಯೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ‘ಬೈ ಅಮ್ಮ’ ಎಂದರೆ ಸುಮತಿ ಬಿಡಬೇಕಲ್ಲ. “ಬೈ ಅಂದ್ರೆ ಎಂತ? ಸರಿಯಾಗಿ ಹೇಳು.” ಕೊನೆಗೆ ಅನು ಕಣ್ಣು ತಿರುಗಿಸಿ “ಓಕೆ, ಐ ವಿಲ್ ಗೋ ಅಂಡ್ ಕಮ್” ಎಂದಳು. ಸುಮತಿಗೆ ಭಾಷೆಯ ಬಗ್ಗೆ ತಕರಾರಿರಲಿಲ್ಲ. ಬರುವ ಗ್ಯಾರಂಟಿ ಸಿಕ್ಕರೆ ಸಾಕಿತ್ತು. ಹೀಗೆ ‘ಗೋ ಅಂಡ್ ಕಮ್’ ನಮ್ಮ ಮನೆಯಲ್ಲಿ ಕಾಯಂ ಆಯಿತು.

ಇನ್ನು ಕುಡುಕರ ವಿಷಯ. ನನ್ನ ಪಕ್ಕದ ಮೇಜಿನ ಡೆಕ್ಲನ್ ಐರ್ಲೆಂಡಿನವನು. ಲಾಸ್ ಏಂಜಲೀಸಿನಲ್ಲಿ ಅವರ ನಾಡಿನ ಆಟವಾದ ಗೇಲಿಕ್ ಫುಟ್‌ಬಾಲಿನ ತಂಡವೊಂದಿತ್ತು. ಒಂದು ಶುಕ್ರವಾರ ಅವನು ನನ್ನ ಮೇಜಿಗೆ ಒರಗಿ, “ಶ್ರೀನಿ, ನೀನು ಒಂದು ಹನಿಯೂ ಮುಟ್ಟುವುದಿಲ್ಲ ಅಲ್ಲವೇ?” ಎಂದು ಬಹಳ ಗೌರವದಿಂದ ಕೇಳಿದ. ನನ್ನ ಶೀಲವನ್ನು ಕಡೆಗೂ ಒಬ್ಬರು ಗಮನಿಸಿದರಲ್ಲ ಎಂದು ಹಿಗ್ಗಿ, ನಮ್ಮ ತಾತನ ಕಾಲದಿಂದ ಯಾರೂ ಮುಟ್ಟಿಲ್ಲ ಎಂದು ವಂಶಾವಳಿಯನ್ನೇ ಬಿಚ್ಚಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡು, “ಹಾಗಾದರೆ ಭಾನುವಾರ ಸ್ಯಾನ್ ಡಿಯಾಗೋಗೆ ವ್ಯಾನ್ ಡ್ರೈವ್ ಮಾಡುತ್ತೀಯಾ? ಮ್ಯಾಚ್ ಇದೆ. ನಾವು ಹನ್ನೆರಡು ಮಂದಿ ಸಪೋರ್ಟರ್ಸ್” ಎಂದ. ಅವನಿಗೆ ಬೇಕಾಗಿದ್ದದ್ದು ನನ್ನ ಶೀಲವಲ್ಲ, ಲೈಸೆನ್ಸು.

ಸುಮತಿ ಬೇಡ ಎನ್ನುತ್ತಾಳೆ, ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವಳು, “ಅಲ್ಲೇ ಪೆನಾಸ್ಕಿಟೋಸಿನಲ್ಲಿ ನಮ್ಮ ವಿಮಲಕ್ಕ ಇದ್ದಾಳಲ್ಲ, ನೋಡದೆ ಆರು ತಿಂಗಳಾಯ್ತು. ನಾನೂ ಬರ್ತೇನೆ” ಎಂದಳು. ಅನುವನ್ನು ಅವಳ ಗೆಳತಿಯ ಮನೆಗೆ ಕಳಿಸಿದೆವು. ಭಾನುವಾರ ಬೆಳಿಗ್ಗೆ ಡೆಕ್ಲನ್ ಮನೆಯೆದುರು ವ್ಯಾನ್ ಮುಂದೆ ಹಸಿರು ಅಂಗಿಯ ಹನ್ನೆರಡು ಮಂದಿ ನಿಂತಿದ್ದರು. ಸೀರೆಯುಟ್ಟ ಸುಮತಿಯನ್ನು ಕಂಡದ್ದೇ ಟೋಪಿ ತೆಗೆದರು. ಡೆಕ್ಲನ್ ತನ್ನ ಹೆಂಡತಿಗೆ ಫುಟ್‌ಪಾತಿನಿಂದ “ಬೈ ಬೈ ಬೈ ಬೈ ಬೈ” ಎಂದು ಒಂದೇ ಉಸಿರಿಗೆ ಹೇಳಿದ. ಸುಮತಿ ನನಗೆ ಕೇಳುವಷ್ಟೇ ಜೋರಾಗಿ, “ಐದು ಸಲ ಬೈ ಹೇಳಿದ್ನಲ್ಲ ಈ ಪುಣ್ಯಾತ್ಮ! ಒಂದು ಸಲ ಬರ್ತೇನೆ ಅನ್ಲಿಕ್ಕೆ ಎಂತ ದಾಡಿ?” ಎಂದು ವ್ಯಾನಿನಿಂದ ಇಳಿದು ಹೋಗಿ ಅವನಿಗೆ ಪಾಠ ಮಾಡಿದಳು. ಅವನು ಹೇಳಿದ. ಉಳಿದ ಹನ್ನೊಂದು ಮಂದಿಯೂ, ಯಾರಿಗೆಂದು ತಿಳಿಯದೆ, ರಸ್ತೆಗೆ ಮುಖ ಮಾಡಿ “ಗೋ ಅಂಡ್ ಕಮ್” ಎಂದರು. ಫ್ರೀವೇಯಲ್ಲಿ ಎರಡು ಗಂಟೆ ಅವರು ಮದುವೆಗೆ ಹೊರಟ ದಿಬ್ಬಣದವರ ಹಾಗೆ ಕುಳಿತಿದ್ದರು. ಇವರ ಬಗ್ಗೆ ಸುಮ್ಮನೆ ಅಂಜಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಸುಮತಿಯನ್ನು ವಿಮಲಕ್ಕನ ಮನೆಯಲ್ಲಿ ಇಳಿಸಿ, ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿ, ಪಾರ್ಕಿಗೆ ಹೋದೆವು. ‘ಆರೆಂಜ್ ಜ್ಯೂಸ್’ ಎಂದು ಬರೆದಿದ್ದ ಎರಡು ದೊಡ್ಡ ಐಸ್ ಪೆಟ್ಟಿಗೆಗಳನ್ನು ಇಳಿಸಲು ನಾನೇ ಕೈಜೋಡಿಸಿದೆ. ಪಾರ್ಕಿನಲ್ಲಿ ಮದ್ಯ ನಿಷೇಧ ಎಂಬ ಬೋರ್ಡಿನ ಕೆಳಗೇ ಇಡಿಸಿದೆ, ಅಲ್ಲಿ ನೆರಳಿತ್ತೆಂದು. ಭಾರದ ಲೆಕ್ಕವೇ ನನ್ನ ಕಸುಬು. ಜ್ಯೂಸ್ ಬಾಟಲಿಗಳು ಹಾಗೆ ಕಿಣಿಕಿಣಿ ಎನ್ನುವುದಿಲ್ಲ ಎಂದು ಮಾತ್ರ ಹೊಳೆಯಲಿಲ್ಲ.

ಆ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಗುದ್ದಲೂಬಹುದು. ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಕೆಳಗೆ ಹೋದರೆ ಮೂರು. ಇಷ್ಟು ನಾನು ಕಲಿಯುವ ಹೊತ್ತಿಗೆ ಲಾಸ್ ಏಂಜಲೀಸ್ ಒಂದು ಪಾಯಿಂಟಿನಿಂದ ಸೋತಿತ್ತು. ಜ್ಯೂಸೂ ಮುಗಿದಿತ್ತು. ಬೆಳಿಗ್ಗೆಯ ದಿಬ್ಬಣದವರು ಒಬ್ಬರೂ ಉಳಿದಿರಲಿಲ್ಲ. ಇಬ್ಬರು ಎದುರು ಪಕ್ಷದವರ ಬಾವುಟ ಕಿತ್ತುಕೊಂಡು ಓಡಿದರು, ತಳ್ಳಾಟವಾಯಿತು, ಒಬ್ಬ ಪಕ್ಕದಲ್ಲಿ ಪಿಕ್‌ನಿಕ್ಕಿಗೆ ಬಂದಿದ್ದವರ ಮೇಜು ಹತ್ತಿ ಸ್ವದೇಶದ ಬಗ್ಗೆ ಹಾಡತೊಡಗಿದ, ಅವರ ಕೇಕನ್ನು ತುಳಿದುಕೊಂಡೇ. ಮೂವರು ರೆಫರಿಯ ಕಾರಿನ ಮುಂದೆ ಉದ್ದಕ್ಕೆ ಮಲಗಿ, ಆ ಒಂದು ಪಾಯಿಂಟು ವಾಪಸ್ ಕೊಡುವವರೆಗೂ ಏಳುವುದಿಲ್ಲ ಎಂದರು. ಛಾವಣಿ ಕೆಲಸದ ಮಾರ್ಟಿನ್ ಎಂಬ ದೈತ್ಯ ಗೋಲಿನ ಅಡ್ಡಪಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಅಳುತ್ತಿದ್ದ. ನಾನು ಒಬ್ಬೊಬ್ಬರ ಬಳಿಯೂ ಹೋಗಿ, “ನಾಲ್ಕು ಗಂಟೆಯಾಯಿತು, ಹೆಂಡತಿ ಕಾಯುತ್ತಿದ್ದಾಳೆ” ಎಂದೆ. ಎಲ್ಲರೂ ನನ್ನನ್ನು ತಬ್ಬಿಕೊಂಡರು. ಯಾರೂ ಕದಲಲಿಲ್ಲ. ಒಬ್ಬ ಪ್ರೀತಿಯಿಂದ ನನ್ನ ಅಂಗಿಯ ಮೇಲೆ ಕೈಯಲ್ಲಿ ಉಳಿದಿದ್ದ ಅರ್ಧ ಬಾಟಲಿ ಚೆಲ್ಲಿದ.

ಪಿಕ್‌ನಿಕ್ಕಿನವರು ಪೊಲೀಸನನ್ನು ಕರೆಸಿದರು. ಆತ ಸೊಂಟದ ಬೆಲ್ಟಿಗೆ ಎರಡೂ ಕೈ ಇಟ್ಟುಕೊಂಡು, ಇಲ್ಲಿ ಜವಾಬ್ದಾರಿ ಯಾರದು ಎಂದು ಕೇಳಿದ. ಹನ್ನೆರಡು ಬೆರಳುಗಳು ನನ್ನತ್ತ ತಿರುಗಿದವು. ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಇನ್ನು ಮೂರು ವಾರವಿತ್ತು. “ಇವರನ್ನು ಕರೆದುಕೊಂಡು ಈಗಲೇ ಪಾರ್ಕ್ ಬಿಟ್ಟು ಹೊರಡಿ” ಎಂದ. ಬಿಡುತ್ತಿದ್ದಾನಲ್ಲ ಎಂಬ ಸಂತೋಷಕ್ಕೆ ನನಗೆ ಅರಿವಿಲ್ಲದೆ ಕೈ ಮುಗಿದು, ಅತ್ಯಂತ ಮರ್ಯಾದೆಯಿಂದ, “ಎಸ್ ಸರ್. ವೀ ವಿಲ್ ಗೋ ಅಂಡ್ ಕಮ್” ಎಂದೆ.

“ಕಮ್? ಎಲ್ಲಿಗೆ ಬರುತ್ತೀರಿ?”

“ಇಲ್ಲಿಗೇ ಸರ್. ಅಂದರೆ, ಬರುವುದಿಲ್ಲ ಸರ್.”

“ಬರುವುದಿಲ್ಲವಾದರೆ ಬರುತ್ತೇನೆಂದು ಯಾಕೆ ಹೇಳಿದಿರಿ?”

“ಮರ್ಯಾದೆಗೆ ಸರ್. ಹೋಗುತ್ತೇವೆ ಎನ್ನಬಾರದು. ನನ್ನ ಹೆಂಡತಿ ನೀರು ಕುಡಿಸುತ್ತಾಳೆ.”

ಆತ ನನ್ನ ಒದ್ದೆ ಅಂಗಿಯನ್ನು ಮೂಸಿದ. “ನೀವು ಎಷ್ಟು ಕುಡಿದಿದ್ದೀರಿ?” ಎಂದ. ತಾತನ ಕಾಲದ ವಂಶಾವಳಿಯನ್ನು ಅವನಿಗೂ ಹೇಳಹೊರಟೆ, ನಾಲಿಗೆ ತೊದಲಿತು. ಕೊನೆಗೆ ಅಷ್ಟು ಜನ ಕುಡುಕರ ನಡುವೆ ಕುಡಿದಿಲ್ಲದ ಒಬ್ಬನೇ ಮನುಷ್ಯನಿಗೆ ಕುಡಿತದ ಪರೀಕ್ಷೆ ಶುರುವಾಯಿತು. ಪಾರ್ಕಿಂಗ್ ಲಾಟಿನ ಬಿಳಿ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಒಂಬತ್ತು ಹೆಜ್ಜೆ ಹೋಗಬೇಕು, ತಿರುಗಿ ಒಂಬತ್ತು ಹೆಜ್ಜೆ ಬರಬೇಕು. ನಾನು ಹೊರಟ ಕೂಡಲೇ ಡೆಕ್ಲನ್‌ಗೆ ಬೆಳಗಿನ ಪಾಠ ನೆನಪಾಯಿತು. “ಗೋ...!” ಎಂದು ಕೂಗಿದ. ತಿರುಗುವಾಗ ಹನ್ನೆರಡು ಗಂಟಲು ಒಟ್ಟಿಗೆ “ಅಂಡ್ ಕಮ್!” ಎಂದವು. ಬೆಚ್ಚಿ ಗೆರೆ ತಪ್ಪಿದೆ. ಮತ್ತೆ ಮೊದಲಿನಿಂದ.

ಎರಡನೆಯ ಸಲ ನಾನು ಏಳನೆಯ ಹೆಜ್ಜೆಯಲ್ಲಿದ್ದಾಗ ವಿಮಲಕ್ಕನ ಕಾರು ಬಂದು ನಿಂತಿತು. ಕಾದು ಸಾಕಾಗಿ ಸುಮತಿಯೇ ಹುಡುಕಿಕೊಂಡು ಬಂದಿದ್ದಳು, ಕೈಯಲ್ಲಿ ಗೋಳಿಬಜೆಯ ಸ್ಟೀಲ್ ಡಬ್ಬಿ. ಗೆರೆಯ ಮೇಲೆ ಕೈ ಚಾಚಿ ಓಲಾಡುತ್ತಿದ್ದ ನನ್ನನ್ನು, ಹಿಂದೆ ಬರುತ್ತಿದ್ದ ಪೊಲೀಸನನ್ನು ನೋಡಿ ಅವಳು, “ಎಂತ ಮಾರಾಯ್ರೆ, ಸಪ್ತಪದಿ ಇನ್ನೊಮ್ಮೆಯಾ? ಅದೂ ಇವನ ಜೊತೆ?” ಎಂದಳು.

“ಒಂಬತ್ತು ಹೆಜ್ಜೆ ಕಣೇ,” ಎಂದೆ, ಅಳು ಬರುವ ದನಿಯಲ್ಲಿ.

“ನಂಗೆ ಏಳರಲ್ಲೇ ಮುಗಿಸಿದ್ರಿ.”

ಆಮೇಲೆ ಎಲ್ಲವೂ ಐದು ನಿಮಿಷದಲ್ಲಿ ಆಯಿತು. ನಾನು ಗೆರೆ ತಪ್ಪದೆ ಒಂಬತ್ತು ಹೆಜ್ಜೆ ಹೋಗಿ ಬಂದು ಪಾಸಾದೆ. ಅವಳು ಗೋಲಿನ ಕೆಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು, “ಮಾರ್ಟಿನ್, ಇಳಿ. ಬಿಸಿ ಉಂಟು” ಎಂದಳು, ಕನ್ನಡದಲ್ಲೇ. ಅವನು ಇಳಿದ. ಮಲಗಿದ್ದ ಮೂವರೂ ಎದ್ದರು; ರೆಫರಿ ತಪ್ಪಿಸಿಕೊಂಡ. ಕೇಕ್ ತುಳಿದವನನ್ನು ಪಿಕ್‌ನಿಕ್ಕಿನ ಹೆಂಗಸಿನ ಮುಂದೆ ನಿಲ್ಲಿಸಿ ಸಾರಿ ಹೇಳಿಸಿದಳು, ಅರ್ಧ ಡಬ್ಬಿ ಬಜೆಯನ್ನು ಆ ಮೇಜಿಗೆ ಸುರಿದಳು. ಪೊಲೀಸನಿಗೂ ಒಡ್ಡಿದಳು. ಆತ ಡ್ಯೂಟಿಯಲ್ಲಿದ್ದೇನೆ ಎಂದು ಒಂದನ್ನು ಮಾತ್ರ ತೆಗೆದುಕೊಂಡ. ವ್ಯಾನ್ ಹೊರಟಾಗ ಕಿಟಕಿಯ ಬಳಿ ಬಾಗಿ ನನಗೆ, “ನೋ ಕಮ್, ಸರ್. ಜಸ್ಟ್ ಗೋ” ಎಂದ.

ಟೊರೆನ್ಸಿನವರೆಗೆ ಹಿಂದಿನ ಸೀಟುಗಳಲ್ಲಿ ಗೊರಕೆ, ಮುಂದೆ ಸುಮತಿಯ ನಗು. ನಿಲ್ಲುತ್ತಿತ್ತು, ಐದು ಮೈಲಿ ಆದ ಮೇಲೆ ಮತ್ತೆ ಶುರುವಾಗುತ್ತಿತ್ತು. ನಾನು ಮುಖ ಬಿಗಿದುಕೊಂಡಿದ್ದೆ. ನನ್ನ ಮಾನ ಹೋಗಿತ್ತಲ್ಲ. ಸೋಮವಾರವೂ ಪೂರ್ತಿ ಮಾತಾಡಲಿಲ್ಲ. ಇಂಥ ಒಂದು ಸೋಮವಾರವನ್ನು ಹಾಗೆ ಖರ್ಚು ಮಾಡಿದ ಬುದ್ಧಿವಂತ ನಾನು.

ಮಂಗಳವಾರ ಬೆಳಿಗ್ಗೆ ಸಿಟ್ಟು ಇಳಿದಿತ್ತು. ಬಾಗಿಲಲ್ಲಿ ನಿಂತು ನಾನಾಗಿಯೇ “ಹೋಗಿ ಬರ್ತೀನಿ” ಎಂದೆ. ಸುಮತಿ ಅಡುಗೆಮನೆಯಿಂದ ಈಚೆ ಬಂದು, ಎರಡೂ ಕೈಯನ್ನು ಸೊಂಟಕ್ಕಿಟ್ಟು, ಗದ್ದ ಮೇಲೆತ್ತಿ, ಪೊಲೀಸನ ದನಿಯಲ್ಲಿ “ನೋ ಕಮ್, ಸರ್. ಜಸ್ಟ್ ಗೋ” ಎಂದಳು. ಇಬ್ಬರೂ ನಕ್ಕೆವು. ನಾನು ಹೋದೆ. ‘ಬನ್ನಿ’ ಎನ್ನಲಿಲ್ಲವಲ್ಲ ಎಂದು ಕಾರಿನಲ್ಲಿ ಹೊಳೆಯದೆ ಇರಲಿಲ್ಲ. ಅಷ್ಟು ವರ್ಷ ಅವಳು ನನ್ನನ್ನು ವಾಪಸ್ ಕರೆದಿದ್ದಳು; ಅಂದು ನಾನೇ ವಾಪಸ್ ಹೋಗಿ ಕೇಳಬಹುದಿತ್ತು. ಆದರೆ ಸಿಗ್ನಲ್ ಹಸಿರಾಗಿತ್ತು. ಆಫೀಸಿಗೆ ಐದು ನಿಮಿಷ ಮೊದಲೇ ಮುಟ್ಟಿದೆ. ಮ್ಯಾನೇಜರ್ ಗಡಿಯಾರ ನೋಡಿ ಹುಬ್ಬೇರಿಸಿದ. ನನಗೆ ಹೆಮ್ಮೆಯಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಸಾವಿನ ಮನೆಗೆ ಬಂದ ನಮ್ಮವರು ಎದ್ದು ಹೋಗುವಾಗ ‘ಹೋಗಿ ಬರ್ತೀನಿ’ ಎನ್ನುವುದಿಲ್ಲ. ಅಂಥ ಮನೆಗೆ ಮತ್ತೆ ಬರುವ ಮಾತು ಆಡಬಾರದೆಂದು ಸುಮ್ಮನೆ ಎದ್ದು ಹೋಗುತ್ತಾರೆ. ಪದ್ಧತಿ ನನಗೂ ಗೊತ್ತು. ಆದರೂ ಒಬ್ಬೊಬ್ಬರೂ ಏನೂ ಹೇಳದೆ ಬಾಗಿಲು ದಾಟುವುದನ್ನು ನಾಲ್ಕು ದಿನ ನೋಡಿದೆ. ಐದನೆಯ ದಿನ ಮಧ್ಯಾಹ್ನ ಹನ್ನೆರಡು ಮಂದಿ ಟೈ ಕಟ್ಟಿಕೊಂಡು ಬಂದರು. ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ದೊಡ್ಡ ತಟ್ಟೆ ತಂದಿದ್ದರು. ವಿಮಲಕ್ಕ ಅದನ್ನು ಎರಡೇ ಬೆರಳಲ್ಲಿ ಹಿಡಿದು ಗರಾಜಿಗೆ ಸಾಗಿಸಿದಳು. ಅವರ ಊರಿನಲ್ಲಿ ಸಾವಿನ ಮನೆಯಲ್ಲಿ ಕುಡಿದು, ಹಾಡಿ, ಸತ್ತವರ ಕಥೆ ಹೇಳುತ್ತಾರಂತೆ. ಇಲ್ಲಿ ಫಿಲ್ಟರ್ ಕಾಫಿ ಕುಡಿದರು. ಡೆಕ್ಲನ್ ಗೋಳಿಬಜೆಯ ಕಥೆ ಹೇಳಿದ. ಮಾರ್ಟಿನ್ ಅತ್ತ, ಈ ಸಲ ಏನನ್ನೂ ಕುಡಿಯದೆ.

ಹೊರಡುವಾಗ ಬಾಗಿಲಲ್ಲಿ ಸಾಲಾಗಿ ನಿಂತರು. ಡೆಕ್ಲನ್ ನನ್ನ ಕೈ ಹಿಡಿದು, “ವೀ ವಿಲ್ ಗೋ ಅಂಡ್ ಕಮ್” ಎಂದ.

“ಅಯ್ಯೋ ದೇವರೇ, ಇಂಥ ಮನೆಯಲ್ಲಿ ಹಾಗೆ ಹೇಳ್ಬಾರ್ದು ಅಂತ ಹೇಳಿ ಅವರಿಗೆ!” ಎಂದು ವಿಮಲಕ್ಕ ಹಿಂದಿನಿಂದ ನನ್ನ ತೋಳು ಜಗ್ಗಿದಳು.

ನಾನು ಹೇಳಲಿಲ್ಲ. ಒಬ್ಬೊಬ್ಬರಾಗಿ ಹನ್ನೆರಡು ಮಂದಿಯೂ ಹೇಳಿದರು. ಒಬ್ಬೊಬ್ಬರಿಗೂ ನಾನು ‘ಆಯ್ತು, ಬನ್ನಿ’ ಎಂದೆ. ಮಾತು ಉಳಿಸಿಕೊಂಡು ಈಗಲೂ ಬರುತ್ತಾರೆ. ಒಮ್ಮೊಮ್ಮೆ ಜ್ಯೂಸಿನ ಪೆಟ್ಟಿಗೆಯ ಸಮೇತ ಬಂದು, ಅದನ್ನು ಹೊರಗೇ ಬಿಟ್ಟು ಒಳಗೆ ಬರುತ್ತಾರೆ.

ಇಷ್ಟಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ‘ಹೋಗಿ ಬರ್ತೀನಿ’ ಎನ್ನುತ್ತೇನೆ. ಅನು ಸೀರಿಯಲ್ ಬಟ್ಟಲಿನಿಂದ ತಲೆಯೆತ್ತದೆ “ಓಕೆ ಅಪ್ಪ” ಎನ್ನುತ್ತಾಳೆ. ಅವಳದೇನೂ ತಪ್ಪಿಲ್ಲ. ಕೆಲವು ದಿನ ಕಾರಿನವರೆಗೆ ಹೋದವನು ವಾಪಸ್ ಬಂದು, ಚಪ್ಪಲಿ ಬಿಚ್ಚಿ, ಕುರ್ಚಿಯಲ್ಲಿ ಕುಳಿತು, ಒಂದು ಲೋಟ ನೀರು ಕುಡಿದು, ಇನ್ನೊಮ್ಮೆ ಹೊರಡುತ್ತೇನೆ. ಆಫೀಸಿಗೆ ತಡವಾಗುತ್ತದೆ. ಮ್ಯಾನೇಜರ್ ಏನೂ ಕೇಳುವುದಿಲ್ಲ. ಕುರ್ಚಿ ಇದೆ, ಲೋಟ ಇದೆ. ‘ಬನ್ನಿ’ ಎನ್ನುವವಳು ಇಲ್ಲ.